ಮನೆಯಲ್ಲಿ ಬೆಕ್ಕಿದೆ, ಈಗ ನಾಯಿಮರಿಯೂ ಬಂದಿದೆ. ಏನೇನು ನೋಡಿಕೊಳ್ಳಬೇಕು?

ತುಮಕೂರಿನಲ್ಲಿ ಬಾಡಿಗೆ ಮನೆ, ಮೂರು ವರ್ಷದ ಗಂಡು ಬೆಕ್ಕು, ಈಗ ಎರಡು ತಿಂಗಳ ಹೆಣ್ಣು ನಾಯಿಮರಿ. ಮನೆಯಲ್ಲಿ ಮೊಟ್ಟೆ, ಮಾಂಸ ಇಲ್ಲ. ನೀವು ಮುಖ್ಯವಾಗಿ ಕೇಳಿರುವುದು ಮೂರು ವಿಷಯ. ಇಂಜೆಕ್ಷನ್‌ಗೆ ಪದೇ ಪದೇ ಕರೆಯುತ್ತಾರಲ್ಲ, ಅಷ್ಟೆಲ್ಲ ಬೇಕಾ? ಮನೆಯೂಟ ಸಾಕಾ? ಸಣ್ಣ ಜ್ವರ ಬಂದರೆ ಮನೆಯಲ್ಲೇ ಏನು ಕೊಡಬಹುದು?

ಪಶುವೈದ್ಯನಾಗಿ ನಾನು ಮೂರನೆಯ ಪ್ರಶ್ನೆಗೇ ಮೊದಲು ಉತ್ತರ ಕೊಡುತ್ತೇನೆ. ಏನೂ ಕೊಡಬೇಡಿ.

ನಮ್ಮ ಮನೆಗಳಲ್ಲಿ ಜ್ವರ ಅಂದ ಕೂಡಲೇ ಕೈ ಹೋಗುವುದು ಪ್ಯಾರಾಸಿಟಮಾಲ್‌ಗೆ. ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಎಲ್ಲದರ ಒಳಗೆ ಇರುವುದು ಅದೇ. ಬೆಕ್ಕಿಗೆ ಅದು ವಿಷ. ಆ ಔಷಧಿಯನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ. ರಕ್ತ ಆಮ್ಲಜನಕವನ್ನು ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಕೆಲವೇ ಗಂಟೆಗಳಲ್ಲಿ ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದಿಕೊಳ್ಳುತ್ತವೆ, ಉಸಿರು ಸಿಕ್ಕಿಕೊಳ್ಳುತ್ತದೆ. 500 ಮಿಲಿಗ್ರಾಂ ಮಾತ್ರೆಯ ಒಂದು ತುಂಡು ಸಾಕು. ನಾಯಿ ಸ್ವಲ್ಪ ಜಾಸ್ತಿ ತಡೆದುಕೊಳ್ಳುತ್ತದೆ, ಆದರೆ ಮರಿಗೆ ಅಂದಾಜಿನ ಮೇಲೆ ಕೊಟ್ಟರೆ ಅದರ ಪಿತ್ತಜನಕಾಂಗವೂ ಕೆಡುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಇಬ್ಬರಿಗೂ ಬೇಡ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುತ್ತದೆ, ಮೂತ್ರಪಿಂಡ ಕೈಕೊಡುತ್ತದೆ.

ಇನ್ನೊಂದು ತಮಾಷೆ ಅಂದರೆ, ಜ್ವರ ಅಂತ ಕರೆತರುವ ಎಷ್ಟೋ ಮರಿಗಳಿಗೆ ಜ್ವರವೇ ಇರುವುದಿಲ್ಲ. ನಾಯಿ, ಬೆಕ್ಕಿನ ಮೈ ನಮ್ಮದಕ್ಕಿಂತ ಬಿಸಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅವುಗಳಿಗೆ ಮಾಮೂಲು. ಕೈಯಿಂದ ಮುಟ್ಟಿ, ಮೂಗು ಒಣಗಿದೆಯಾ ಅಂತ ನೋಡಿ ಜ್ವರ ತೀರ್ಮಾನ ಮಾಡಬೇಡಿ. ನಾಯಿಮರಿ ಆಟ ಬಿಟ್ಟಿದೆಯಾ, ಊಟ ಬಿಟ್ಟಿದೆಯಾ, ವಸಡು ಬಿಳಿಚಿದೆಯಾ, ಇದನ್ನು ನೋಡಿ. ಇದರಲ್ಲಿ ಒಂದಿದ್ದರೂ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈಗ ಇಂಜೆಕ್ಷನ್ ವಿಷಯ. ಮೂರು ಮೂರು ಸಲ ಕರೆಯುವುದು ದುಡ್ಡು ಮಾಡಲಿಕ್ಕೆ ಅನ್ನುವ ಅನುಮಾನ ನಿಮ್ಮ ಪ್ರಶ್ನೆಯಲ್ಲಿ ಮೆಲ್ಲಗೆ ಇಣುಕುತ್ತಿದೆ. ಬೇಜಾರಿಲ್ಲ, ಎಲ್ಲರೂ ಕೇಳುತ್ತಾರೆ. ಕಾರಣ ಇದು. ತಾಯಿಯ ಮೊದಲ ಹಾಲಿನಿಂದ ಮರಿಗೆ ರೋಗ ತಡೆಯುವ ಶಕ್ತಿ ಬಂದಿರುತ್ತದೆ. ಅದು ಇರುವವರೆಗೆ ನಾವು ಹಾಕುವ ಲಸಿಕೆಯನ್ನೂ ಅದೇ ಹೊಡೆದುಹಾಕುತ್ತದೆ. ತಾಯಿ ಕೊಟ್ಟ ಶಕ್ತಿ ಒಂದು ಮರಿಗೆ ಎಂಟನೇ ವಾರಕ್ಕೆ ಇಳಿಯಬಹುದು, ಅದರ ಒಡಹುಟ್ಟಿದ ಮರಿಗೇ ಹದಿನಾಲ್ಕನೇ ವಾರಕ್ಕೆ ಇಳಿಯಬಹುದು. ಹೊರಗಿನಿಂದ ನೋಡಿದರೆ ಗೊತ್ತಾಗಲ್ಲ. ಅದಕ್ಕೇ ಆರರಿಂದ ಎಂಟು ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ ಹಾಕುತ್ತಾ ಹೋಗುವುದು. ಮೊದಲ ಎರಡು ಹಾಕಿಸಿ ಕೊನೆಯದನ್ನು ಬಿಟ್ಟವರ ಮರಿಗಳೇ ಪಾರ್ವೊ ಹಿಡಿಸಿಕೊಂಡು ಬರುವುದು ಜಾಸ್ತಿ. ಬಿಡಬಾರದ್ದು ಆ ಕೊನೆಯದನ್ನೇ.

ಪಾರ್ವೊ ಬಂದರೆ ವಾಂತಿ, ನಾರುವ ರಕ್ತಭೇದಿ, ಎರಡು ಮೂರು ದಿನದಲ್ಲಿ ಮರಿ ಕುಸಿಯುತ್ತದೆ. ವೈರಸ್ಸನ್ನು ಕೊಲ್ಲುವ ಮಾತ್ರೆ ನಮ್ಮ ಕೈಯಲ್ಲಿಲ್ಲ. ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ಮರಿಯ ದೇಹ ಗೆಲ್ಲಲಿ ಅಂತ ಕಾಯುವುದು ಅಷ್ಟೇ. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ನಿಮ್ಮ ಚಪ್ಪಲಿಗೆ ಅಂಟಿಕೊಂಡು ಮನೆಯೊಳಗೂ ಬರುತ್ತದೆ. ನೀವಿರುವ ಬಾಡಿಗೆ ಮನೆಯಲ್ಲಿ ಹಿಂದೆ ಇದ್ದವರ ನಾಯಿಗೆ ಪಾರ್ವೊ ಬಂದಿತ್ತು ಅಂತ ಗೊತ್ತಾದರೆ ಫಿನಾಯಿಲ್ ಹಾಕಿ ಒರೆಸಿ ಸಮಾಧಾನ ಪಟ್ಟುಕೊಳ್ಳಬೇಡಿ, ಅದಕ್ಕೆ ಈ ವೈರಸ್ ಜಗ್ಗುವುದಿಲ್ಲ. ಮೊದಲು ಸೋಪು ನೀರಲ್ಲಿ ತೊಳೆದು, ಆಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಎರಡು ಪ್ರಾಣಿಗಳನ್ನೂ ಅಷ್ಟು ಹೊತ್ತು ಬೇರೆ ಕೋಣೆಯಲ್ಲಿಡಿ.

ಲಸಿಕೆ ಮುಗಿಯುವವರೆಗೆ ಬೀದಿ ನಾಯಿಗಳು ಓಡಾಡುವ ಜಾಗದಲ್ಲಿ ಮರಿಯನ್ನು ನೆಲಕ್ಕೆ ಬಿಡಬೇಡಿ. ಹಾಗಂತ ಕೋಣೆಯಲ್ಲಿ ಕೂಡಿಹಾಕಲೂ ಬೇಡಿ. ಸೊಂಟದ ಮೇಲೆ ಎತ್ತಿಕೊಂಡು ಬಸ್ಸು, ಆಟೋ, ಮಕ್ಕಳು, ತರಕಾರಿ ಗಾಡಿ ಎಲ್ಲ ತೋರಿಸಿ. ಈ ವಯಸ್ಸಿನಲ್ಲಿ ನೋಡದ್ದಕ್ಕೆಲ್ಲ ನಾಯಿ ದೊಡ್ಡದಾದ ಮೇಲೆ ಹೆದರುತ್ತದೆ, ಹೆದರಿದ ನಾಯಿ ಕಚ್ಚುತ್ತದೆ.

ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಕೆಲವು ವಾರದ ನಂತರ ಇನ್ನೊಂದು, ಆಮೇಲೆ ವರ್ಷಕ್ಕೊಮ್ಮೆ. ಬೆಕ್ಕಿಗೂ ರೇಬೀಸ್ ಲಸಿಕೆ ಬೇಕು. ಬೆಕ್ಕುಗಳಿಗೆ ಬರುವ ಮೂರು ವೈರಸ್ ರೋಗಗಳನ್ನು ತಡೆಯಲು ಟ್ರೈಕ್ಯಾಟ್ ಅಂತ ಬೇರೆ ಲಸಿಕೆಯೂ ಇದೆ. ನಿಮ್ಮ ಬೆಕ್ಕಿಗೆ ಅದು ಆಗಿದೆಯಾ ಅಂತ ನೀವು ಬರೆದಿಲ್ಲ. ಆಗಿಲ್ಲದಿದ್ದರೆ ಮರಿಯ ಜೊತೆಗೇ ಕರೆದುಕೊಂಡು ಹೋಗಿ. ಇಲಿ ಜ್ವರದ ಲಸಿಕೆ ನಾಯಿಯ ಸಂಯುಕ್ತ ಲಸಿಕೆಯಲ್ಲೇ ಬರುತ್ತದೆ, ಯಾವುದರಲ್ಲಿ ಇದೆ ಅಂತ ಕೇಳಿ ಹಾಕಿಸಿ. ಇಲಿಯ ಮೂತ್ರ ಬಿದ್ದ ಮಳೆನೀರು ನೆಕ್ಕಿದರೆ ಸಾಕು, ನಾಯಿಗೆ ಕಾಮಾಲೆ ಬಂದು ಮೂತ್ರಪಿಂಡ ಕೆಡುತ್ತದೆ. ಅದು ಮನುಷ್ಯರಿಗೂ ಬರುವ ರೋಗ.

ಕಾರ್ಡಿನಲ್ಲಿ ಬರೀ ದಿನಾಂಕ ಬರೆದಿದ್ದರೆ ನಂಬಬೇಡಿ. ಲಸಿಕೆ ಬಾಟಲಿಯ ಸ್ಟಿಕರ್, ವೈದ್ಯರ ಸಹಿ ಎರಡೂ ಇರಬೇಕು. ಮಾರುವವರು ಎಲ್ಲಾ ಆಗಿದೆ ಅಂತ ಸುಮ್ನೆ ಹೇಳುವುದುಂಟು.

ರೇಬೀಸ್ ಬಗ್ಗೆ ಒಂದು ಮಾತು ನಿಮಗೋಸ್ಕರ. ಮರಿ ಹಲ್ಲು ತಾಗಿಸಿ ರಕ್ತ ಬಂದರೆ, ಬೆಕ್ಕು ಪರಚಿದರೆ, ಹರಿಯುವ ನೀರಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ, ಅರಿಶಿನ ಏನೂ ಹಚ್ಚಬೇಡಿ. ಆಮೇಲೆ ಮನುಷ್ಯರ ವೈದ್ಯರ ಹತ್ತಿರ ಹೋಗಿ. ಮರಿ ಕಚ್ಚಿದರೆ ಏನೂ ಆಗಲ್ಲ ಅನ್ನುವುದು ಸುಳ್ಳು, ಮರಿಗಳಿಗೂ ರೇಬೀಸ್ ಬರುತ್ತದೆ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅನ್ನುವ ಕಾಲ ಹೋಯಿತು. ಈಗ ತೋಳಿಗೆ ನಾಲ್ಕೈದು ಸಲ ಅಷ್ಟೇ.

ಊಟಕ್ಕೆ ಬರೋಣ. ನಾಯಿಮರಿ ಸಸ್ಯಾಹಾರದಲ್ಲಿ ಬೆಳೆಯಬಹುದು, ಆದರೆ ಮೊಸರನ್ನದಲ್ಲಿ ಬೆಳೆಯಲಾರದು. ರಾಗಿ ಒಳ್ಳೆಯದೇ, ರಾಗಿ ಒಂದೇ ಸಾಲದು. ಬೆಳೆಯುವ ಮೂಳೆಗೆ ಪ್ರೋಟೀನ್, ಸುಣ್ಣದಂಶ, ರಂಜಕ ಸರಿಯಾದ ಅಳತೆಯಲ್ಲಿ ಬೇಕು, ಅದನ್ನು ಅಡುಗೆಮನೆಯಲ್ಲಿ ಹೊಂದಿಸುವುದು ಕಷ್ಟ. ಒಂದು ವರ್ಷದವರೆಗೆ ಮರಿಗಳಿಗೆಂದೇ ತಯಾರಿಸಿದ ಒಣ ಆಹಾರವನ್ನು ಮುಖ್ಯವಾಗಿಟ್ಟು, ಪಕ್ಕಕ್ಕೆ ಸ್ವಲ್ಪ ರಾಗಿ ಗಂಜಿ, ಪನೀರ್, ಬೇಯಿಸಿದ ಕುಂಬಳಕಾಯಿ ಕೊಡಿ. ಸಸ್ಯಾಹಾರಿ ಒಣ ಆಹಾರವೂ ಅಂಗಡಿಯಲ್ಲಿ ಸಿಗುತ್ತದೆ. ಪೊಟ್ಟಣದ ಮೇಲೆ ಬೆಳೆಯುವ ಮರಿಗಳಿಗೆ ಅಂತ ಬರೆದಿದೆಯಾ ನೋಡಿ.

ಬೆಕ್ಕಿನ ವಿಷಯದಲ್ಲಿ ನಾನು ರಾಜಿ ಆಗಲ್ಲ. ಹಾಲು ಅನ್ನ ತಿಂದು ಬದುಕುವ ಬೆಕ್ಕು ನಿಜವಾಗಿ ಹಲ್ಲಿ, ಇಲಿ ಹಿಡಿದು ಬದುಕುತ್ತಿರುತ್ತದೆ. ಬಾಗಿಲು ಹಾಕಿದ ಮನೆಯಲ್ಲಿ ಅದಕ್ಕೆ ಆ ದಾರಿಯೂ ಇಲ್ಲ. ಟಾರಿನ್ ಎಂಬ ಅಂಶ ಬೆಕ್ಕಿಗೆ ಆಹಾರದಿಂದಲೇ ಬರಬೇಕು, ಅದು ಮಾಂಸದಲ್ಲಿದೆ, ಅನ್ನ ಬೇಳೆಯಲ್ಲಿ ಇಲ್ಲ. ಕಡಿಮೆಯಾದರೆ ನಿಧಾನಕ್ಕೆ ಕಣ್ಣು ಹೋಗುತ್ತದೆ, ಹೃದಯ ಹಿಗ್ಗುತ್ತದೆ. ಮನೆಯಲ್ಲಿ ಮಾಂಸ ಬೇಯಿಸಬೇಕಿಲ್ಲ, ಬೆಕ್ಕಿನ ಒಣ ಆಹಾರ ತಂದಿಟ್ಟರೆ ಸಾಕು. ನಾಯಿಯ ಆಹಾರ ಬೆಕ್ಕಿಗೆ ಆಗುವುದಿಲ್ಲ, ಅದರಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರಿನ್ ಇರುವುದಿಲ್ಲ. ಬೆಕ್ಕಿನ ತಟ್ಟೆಯನ್ನು ಎತ್ತರದಲ್ಲಿಡಿ, ಇಲ್ಲದಿದ್ದರೆ ಮರಿ ಖಾಲಿ ಮಾಡುತ್ತದೆ.

ಬಾಳೆಲೆಯ ಮೇಲೆ ಉಳಿದದ್ದನ್ನು ಹಾಕುವ ಅಭ್ಯಾಸ ಬಿಡಿ. ಈರುಳ್ಳಿ, ಬೆಳ್ಳುಳ್ಳಿ ಬೆಂದಿದ್ದರೂ ರಕ್ತಕಣಗಳನ್ನು ಒಡೆಯುತ್ತವೆ, ಬೆಕ್ಕಿಗಂತೂ ಸ್ವಲ್ಪವೇ ಸಾಕು. ಕೇಸರಿಬಾತ್, ಪಾಯಸದ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಅದಕ್ಕೆ ಟಾರ್ಟಾರಿಕ್ ಆಮ್ಲ ಕಾರಣ ಅನ್ನುವುದು ಈಗಿನ ಬಲವಾದ ಅಂದಾಜು. ಅದೇ ಆಮ್ಲ ನಮ್ಮ ಹುಣಸೆಹಣ್ಣಿನಲ್ಲಿ ಧಾರಾಳ. ಹಾಗಾಗಿ ಹುಳಿ, ಸಾರು, ಪುಳಿಯೋಗರೆ ಬೇಡ. ಚಾಕೊಲೇಟ್ ಬೇಡ. ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಲ್ಲಿ ಝೈಲಿಟಾಲ್ ಇದ್ದರೆ ನಾಯಿಗೆ ಅರ್ಧ ಗಂಟೆಯಲ್ಲೇ ರಕ್ತದ ಸಕ್ಕರೆ ಕುಸಿಯಬಹುದು.

ಉಣ್ಣಿಯ ವಿಷಯದಲ್ಲಿ ನಿಮ್ಮ ಮನೆ ಸ್ವಲ್ಪ ವಿಶೇಷ. ನಾಯಿ, ಬೆಕ್ಕು ಎರಡೂ ಇವೆ ಅಲ್ವಾ? ನಾಯಿಯ ಕತ್ತಿಗೆ ಹಾಕುವ ಹನಿ ಔಷಧಿ ಹಲವದರಲ್ಲಿ ಪರ್ಮೆಥ್ರಿನ್ ಇರುತ್ತದೆ. ಅಳತೆ ನೋಡಿ ಹಾಕಿದರೆ ನಾಯಿಗೆ ಅದರಿಂದ ಸಾಮಾನ್ಯವಾಗಿ ಏನೂ ಆಗಲ್ಲ. ಅದನ್ನು ಬೆಕ್ಕಿಗೆ ಹಾಕಿದರೆ, ಅಥವಾ ಹಾಕಿದ ನಾಯಿಯನ್ನು ತಬ್ಬಿಕೊಂಡು ಬೆಕ್ಕು ಮಲಗಿದರೆ, ನೆಕ್ಕಿದರೆ, ನಡುಕ, ಫಿಟ್ಸ್, ಸಾವು. ದನಕ್ಕೆ ಹಾಕುವ ಉಣ್ಣಿ ಔಷಧಿಯನ್ನು ನೀರಿಗೆ ಬೆರೆಸಿ ನಾಯಿಗೆ ಸ್ನಾನ ಮಾಡಿಸುವ ಪದ್ಧತಿ ಊರಕಡೆ ಇದೆ. ಬೆಕ್ಕಿರುವ ಮನೆಯಲ್ಲಿ ಅದನ್ನು ಮಾಡಲೇಬೇಡಿ. ನಾಯಿಗೆ ಬಾಯಿಂದ ಕೊಡುವ ಉಣ್ಣಿ ಮಾತ್ರೆ ಕೇಳಿ, ಮೈಮೇಲೆ ಏನೂ ಉಳಿಯುವುದಿಲ್ಲ. ಮರಿಗೆ ಎಂದಾದರೂ ಫಿಟ್ಸ್ ಬಂದಿದ್ದರೆ ಮೊದಲೇ ಹೇಳಿ.

ಉಣ್ಣಿಯನ್ನು ಕಿತ್ತು ಬಿಸಾಡಿದರೆ ಮುಗಿಯಲ್ಲ. ರಕ್ತ ಕುಡಿದು ಕೆಳಗೆ ಬಿದ್ದ ಹೆಣ್ಣು ಉಣ್ಣಿ ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಸಂದಿ ಸೇರಿ ಸಾವಿರಾರು ಮೊಟ್ಟೆ ಇಡುತ್ತದೆ. ಆ ಸಂದಿಗಳನ್ನು ಮುಚ್ಚಿಸಿ. ಉಣ್ಣಿ ಬಿದ್ದ ನಾಯಿ ಮಂಕಾದರೆ, ಮೂಗಿನಲ್ಲಿ ರಕ್ತ ಬಂದರೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಉಣ್ಣಿ ಜ್ವರದ ರಕ್ತಪರೀಕ್ಷೆ ಮಾಡಿಸಿ. ಬೇಗ ಹಿಡಿದರೆ ವಾಸಿಯಾಗುತ್ತದೆ.

ಹುಳದ ಔಷಧಿ ಮೂರು ತಿಂಗಳ ವಯಸ್ಸಿನವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ತೂಕ ನೋಡಿ ಕೊಡಬೇಕು.

ಮನೆಯಲ್ಲೇ ಇರುವ ಬೇರೆ ವಿಷಗಳು: ಬಟ್ಟೆ ಕಪಾಟಿನ ನುಸಿಗುಳಿಗೆ, ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆ (ಗಾಯಕ್ಕೆ ಹಚ್ಚುತ್ತಾರೆ, ಪ್ರಾಣಿ ನೆಕ್ಕುತ್ತದೆ), ಕುಂಡದ ಕಣಗಿಲೆ. ಫಿನಾಯಿಲ್ ಹಾಕಿದ ನೆಲ ಒಣಗುವವರೆಗೆ ಬೆಕ್ಕು ಬರಬಾರದು, ಪಾದ ನೆಕ್ಕಿ ಒಳಗೆ ತೆಗೆದುಕೊಳ್ಳುತ್ತದೆ. ಇಲಿ ಪಾಷಾಣದಲ್ಲಿ ಕೆಲವು ಬಗೆಯವು ತಿಂದು ಮೂರು ನಾಲ್ಕು ದಿನ ಏನೂ ತೋರಿಸದೆ ಆಮೇಲೆ ಒಳಗೊಳಗೇ ರಕ್ತ ಸೋರಿಸುತ್ತವೆ. ಅದಕ್ಕೆ ವಿಟಮಿನ್ ಕೆ1 ಮದ್ದು ಇದೆ, ತಡ ಮಾಡಬಾರದು ಅಷ್ಟೇ. ಏನೇ ತಿಂದಿರಲಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಉಪ್ಪೇ ಇನ್ನೊಂದು ವಿಷವಾಗುತ್ತದೆ. ಪೊಟ್ಟಣ ಕೈಯಲ್ಲಿ ಹಿಡಿದುಕೊಂಡು ಓಡಿ ಬನ್ನಿ.

ನಿಮ್ಮ ಗಂಡು ಬೆಕ್ಕಿಗೆ ಸಂಬಂಧಿಸಿ ಇದೊಂದು ಮರೆಯಬೇಡಿ. ಪದೇ ಪದೇ ಮರಳಿನ ತಟ್ಟೆಗೆ ಹೋಗಿ ಕೂತು ತಿಣುಕುತ್ತಿದೆ, ಮೂತ್ರ ಬರುತ್ತಿಲ್ಲ ಅಂದರೆ ಮಲಬದ್ಧತೆ ಅಂದುಕೊಂಡು ಎಣ್ಣೆ ಕುಡಿಸುತ್ತಾ ಕೂರಬೇಡಿ. ಮೂತ್ರನಾಳ ಕಟ್ಟಿಕೊಂಡಿರುತ್ತದೆ. ಬೆಳಗಾಗಲಿ ಅಂತ ಕಾಯುವ ಕಾಯಿಲೆ ಅಲ್ಲ ಅದು, ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ.

ಹೆಣ್ಣು ಮರಿಗೆ ಆಪರೇಷನ್ ಮಾಡಿಸುವುದೇ ಒಳ್ಳೆಯದು. ಮಾಡಿಸದ ನಾಯಿಗೆ ವಯಸ್ಸಾದಂತೆ, ಬೆದೆ ಮುಗಿದು ಒಂದೆರಡು ತಿಂಗಳಿಗೆ, ಗರ್ಭಕೋಶದಲ್ಲಿ ಕೀವು ತುಂಬುವುದು ತುಂಬಾ ಸಾಮಾನ್ಯ. ಯಾವ ತಿಂಗಳು ಅನ್ನುವುದು ತಳಿ, ಗಾತ್ರ ನೋಡಿ ತೀರ್ಮಾನ ಮಾಡಬೇಕು, ನಿಮ್ಮ ವೈದ್ಯರನ್ನೇ ಕೇಳಿ.

ಸ್ನಾನದ ಬಗ್ಗೆಯೂ ಕೊನೆಗೆ ಕೇಳಿದ್ದೀರಿ. ನಾಯಿಗೆ ತಿಂಗಳಿಗೊಮ್ಮೆ ಸಾಕು, ನಾಯಿಯ ಶಾಂಪೂನಲ್ಲೇ. ಮರಿಗೆ ಬಿಸಿಲಿರುವ ಹೊತ್ತಲ್ಲಿ ಮಾಡಿಸಿ ತಕ್ಷಣ ಒರೆಸಿ. ಬೆಕ್ಕಿಗೆ ಬೇಕಾಗಿಲ್ಲ.