ಅಂಟಿಸೋ ಪ್ರೋಟೀನಿಗೆ ಅಂಟು ಬಿಡಿಸೋ ಸಕ್ಕರೆ ಯಾಕೆ?

ಪ್ರಶ್ನೆ: ನಾನು ಬಿಎಸ್ಸಿ ಓದ್ತಿದೀನಿ. ಮೆದುಳಿನ ಜೀವಕೋಶಗಳನ್ನ ಒಂದಕ್ಕೊಂದು ಅಂಟಿಸೋ ಪ್ರೋಟೀನಿನ ಮೇಲೆ ಸಕ್ಕರೆ ಸರಪಳಿ ಇರುತ್ತೆ, ಅದು ಅಂಟನ್ನ ಕಮ್ಮಿ ಮಾಡುತ್ತೆ ಅಂತ ಪಾಠದಲ್ಲಿ ಬಂತು. ಅಂಟಿಸೋಕೆ ಅಂತ್ಲೇ ಇರೋ ಪ್ರೋಟೀನಿಗೆ ಅಂಟದ ಹಾಗೆ ಮಾಡೋ ಸಕ್ಕರೆ ಯಾಕೆ ಬೇಕು? ದೊಡ್ಡವರ ಮೆದುಳಲ್ಲೂ ಇದು ಇರುತ್ತಾ? ನಮ್ಮಮ್ಮನಿಗೆ ಶುಗರ್ ಇದೆ, ಅದಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇದ್ಯಾ?

ಉತ್ತರ: ಮೊದ್ಲು ಅಮ್ಮನ ವಿಷಯ ಹೇಳಿಬಿಡ್ತೀನಿ, ಅದು ಮನಸ್ಸಲ್ಲಿ ಕೊರೀತಿದ್ರೆ ಉಳಿದಿದ್ದು ತಲೆಗೆ ಹತ್ತಲ್ಲ. ಶುಗರ್ ಇದ್ದಾಗ ರಕ್ತದಲ್ಲಿ ಹೆಚ್ಚಾದ ಗ್ಲೂಕೋಸ್ ಎದುರಿಗೆ ಸಿಕ್ಕ ಪ್ರೋಟೀನಿಗೆ ತಾನಾಗೇ ಹತ್ಕೊಳ್ಳುತ್ತೆ, ಯಾವ ಎಂಜೈಮೂ ಬೇಡ, ಎಚ್‌ಬಿಎ1ಸಿ ಟೆಸ್ಟಲ್ಲಿ ಅಳೆಯೋದು ಹಿಮೋಗ್ಲೋಬಿನ್‌ಗೆ ಹೀಗೆ ಹತ್ಕೊಂಡಿರೋದನ್ನೇ. ಇದು ಗ್ಲೈಕೇಶನ್. ನೀವು ಕೇಳ್ತಿರೋದು ಗ್ಲೈಕೋಸೈಲೇಶನ್, ಅಂದ್ರೆ ಜೀವಕೋಶದ ಒಳಗೆ ಎಂಜೈಮುಗಳು ಇಂಥದ್ದೇ ಸಕ್ಕರೆ ಇಂಥದ್ದೇ ಜಾಗಕ್ಕೆ ಅಂತ ಲೆಕ್ಕವಾಗಿ ಕೂರಿಸೋ ಕೆಲಸ. ಹೆಸರು ಕೇಳೋಕೆ ಅಕ್ಕ ತಂಗಿ ಥರ ಇದೆ ಅಷ್ಟೇ, ಎರಡೂ ಬೇರೆ ಬೇರೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಪಾಠದಲ್ಲಿ ಬಂದಿದ್ದು ಬಹುಶಃ ಎನ್‌ಕ್ಯಾಮ್ ಅನ್ನೋ ಪ್ರೋಟೀನ್. 1970ರ ದಶಕದಲ್ಲಿ ಜೆರಾಲ್ಡ್ ಎಡೆಲ್ಮನ್ ಅವರ ಲ್ಯಾಬಲ್ಲಿ ಕೋಳಿ ಭ್ರೂಣದ ನರಕೋಶಗಳನ್ನ ಇಟ್ಕೊಂಡು ಇದನ್ನ ಕಂಡುಹಿಡಿದ್ರು. ಎಡೆಲ್ಮನ್ ಅವರಿಗೆ 1972ರಲ್ಲಿ ನೊಬೆಲ್ ಬಂದಿದ್ದು ಆಂಟಿಬಾಡಿಗಳ ರಚನೆಗೆ, ಆಮೇಲೆ ನೋಡಿದ್ರೆ ಈ ಎನ್‌ಕ್ಯಾಮಿನ ಹೊರಭಾಗದಲ್ಲೂ ಆಂಟಿಬಾಡಿ ಥರದ್ದೇ ಐದು ಮಡಿಕೆಗಳು! ಐದನೇ ಮಡಿಕೆ ಮೇಲೆ ಎರಡು ಜಾಗ ಇವೆ, ನಾವು ಮಾತಾಡ್ತಿರೋ ಸಕ್ಕರೆ ಸರಪಳಿ ಬೆಳೆಯೋದು ಅಲ್ಲಿ. ಅದರ ಹೆಸರು ಪಾಲಿಸಯಾಲಿಕ್ ಆಸಿಡ್, ಸಯಾಲಿಕ್ ಆಸಿಡ್ ಅನ್ನೋ ಒಂದೇ ಸಕ್ಕರೆ ಸಾಲಾಗಿ ಪೋಣಿಸ್ಕೊಂಡು ಹೋಗಿರುತ್ತೆ, ಕೆಲವು ಸರಪಳಿಗಳಲ್ಲಿ ತೊಂಬತ್ತು ದಾಟುತ್ತೆ. ಪೋಣಿಸೋ ಎಂಜೈಮ್ ಎರಡು, ಎಸ್‌ಟಿ8ಸಿಯಾ2 ಮತ್ತೆ ಎಸ್‌ಟಿ8ಸಿಯಾ4.

ಸಕ್ಕರೆ ಅಂದ ತಕ್ಷಣ ಪಾಕದ ಥರ ಅಂಟು ಅಂದ್ಕೋಬೇಡಿ. ಸಯಾಲಿಕ್ ಆಸಿಡ್‌ನ ಒಂದೊಂದು ಮಣಿಗೂ ಒಂದು ನೆಗೆಟಿವ್ ಚಾರ್ಜ್ ಇರುತ್ತೆ, ಇಷ್ಟು ಚಾರ್ಜ್ ಒಂದೇ ಕಡೆ ಸೇರಿದ್ರೆ ಅವು ಒಂದನ್ನೊಂದು ತಳ್ತವೆ, ಜೊತೆಗೆ ಸುತ್ತ ಸಿಕ್ಕಾಪಟ್ಟೆ ನೀರು ಹಿಡಿದಿಟ್ಕೊಳ್ತವೆ, ಹಂಗಾಗಿ ಪ್ರೋಟೀನಿನ ಸುತ್ತ ಉಬ್ಬಿದ ನೀರಿನ ದಿಂಬು ಇದ್ದ ಹಾಗಾಗುತ್ತೆ, ಎದುರಿನ ಕೋಶ ಹತ್ರ ಬರೋಕೆ ಆಗಲ್ಲ. ಎನ್‌ಕ್ಯಾಮ್ ಅಲ್ಲೇ ಇದ್ರೂ ಎದುರಿನ ಕೋಶದ ಎನ್‌ಕ್ಯಾಮನ್ನ ಗಟ್ಟಿಯಾಗಿ ಹಿಡಿಯಕ್ಕಾಗಲ್ಲ.

ಇದ್ಯಾಕೆ ಬೇಕು ಅಂದ್ರೆ, ಬೆಳೀತಿರೋ ಮೆದುಳಲ್ಲಿ ನರಕೋಶಗಳು ಹುಟ್ಟಿದ ಕಡೆ ಕೂರಲ್ಲ, ದೂರ ನಡ್ಕೊಂಡು ಹೋಗಿ ತಮ್ಮ ಜಾಗ ಸೇರ್ಬೇಕು, ಉದ್ದನೆ ತಂತು ಚಾಚಬೇಕು. ಆಗಲೇ ಗಟ್ಟಿಯಾಗಿ ಅಂಟ್ಕೊಂಡ್ಬಿಟ್ರೆ ಕಥೆ ಮುಗೀತು. ಅದಕ್ಕೇ ಭ್ರೂಣದ ಎನ್‌ಕ್ಯಾಮಲ್ಲಿ 100 ಗ್ರಾಂ ಪ್ರೋಟೀನಿಗೆ ಸುಮಾರು 30 ಗ್ರಾಂ ಸಯಾಲಿಕ್ ಆಸಿಡ್ ಇದ್ರೆ ಬೆಳೆದ ಮೇಲೆ ಅದು ಸುಮಾರು 10ಕ್ಕೆ ಇಳಿಯುತ್ತೆ. ಓಡಾಟ ಮುಗಿದ ಮೇಲೆ ಹಿಡಿತ ಬಿಗಿಯಾಗುತ್ತೆ.

ಆದ್ರೆ ಸಕ್ಕರೆ ನಿಜವಾಗ್ಲೂ ಎನ್‌ಕ್ಯಾಮನ್ನ ತಡೆಯೋಕೇ ಇದೆ ಅಂತ ಹೇಗೆ ಗೊತ್ತು? ಇಲ್ಲೊಂದು ಪ್ರಯೋಗ ಇದೆ, ಪಾಠ ಮಾಡುವಾಗ ಪ್ರತಿ ಸಲ ಇದನ್ನ ಹೇಳ್ದೆ ಬಿಡಲ್ಲ ನಾನು. 2005ರಲ್ಲಿ ಪ್ರಕಟವಾಗಿದ್ದು. ಇಲಿಗಳಲ್ಲಿ ಪೋಣಿಸೋ ಎರಡೂ ಎಂಜೈಮಿನ ಜೀನ್ ತೆಗೆದ್ರು, ಎನ್‌ಕ್ಯಾಮ್ ಇದೆ, ಮೇಲಿನ ಸಕ್ಕರೆ ಮಾತ್ರ ಇಲ್ಲ. ಮರಿಗಳ ಮೆದುಳಲ್ಲಿ ನರಗಳ ಹಾದಿಗಳೇ ಸರಿಯಾಗಿ ಬೆಳೀಲಿಲ್ಲ, ಮೆದುಳೊಳಗೆ ನೀರು ತುಂಬ್ಕೊಳ್ತು, ಹೆಚ್ಚಿನವು ಹುಟ್ಟಿದ ಕೆಲವೇ ವಾರಗಳಲ್ಲಿ ಸತ್ತೋದ್ವು. ಆಮೇಲೆ ಇನ್ನೊಂದು ಗುಂಪಲ್ಲಿ ಆ ಎರಡು ಜೀನ್ ಜೊತೆ ಎನ್‌ಕ್ಯಾಮ್ ಜೀನನ್ನೂ ತೆಗೆದ್ರು. ಮೂರು ಹೋದ್ರೆ ಪರಿಸ್ಥಿತಿ ಇನ್ನೂ ಕೆಡಬೇಕಿತ್ತು ಅಲ್ವಾ? ಮರಿಗಳು ಬದುಕಿದ್ವು! ಅಂದ್ರೆ ಮೊದ್ಲಿನ ಗುಂಪನ್ನ ಕೊಂದಿದ್ದು ಸಕ್ಕರೆ ಇಲ್ದಿರೋದಲ್ಲ, ತಡೆಯೋರಿಲ್ದೆ ಹೊತ್ತಲ್ಲದ ಹೊತ್ತಲ್ಲಿ ಅಂಟ್ಕೊಂಡ ಎನ್‌ಕ್ಯಾಮ್. ಎಲ್ಲಾ ಸರಿಹೋಗ್ಲಿಲ್ಲ ಅನ್ನೋದನ್ನೂ ಹೇಳ್ಬೇಕು, ವಾಸನೆ ಗ್ರಹಿಸೋ ಆಲ್ಫ್ಯಾಕ್ಟರಿ ಬಲ್ಬ್ ಚಿಕ್ಕದಾಗೇ ಉಳೀತು.

ದೊಡ್ಡವರಲ್ಲಿ? ಇದೆ, ಕೆಲವೇ ಕಡೆ. ನೆನಪು ಕಟ್ಟೋ ಭಾಗವಾದ ಹಿಪೊಕ್ಯಾಂಪಸ್‌ನಲ್ಲಿ ಇದೆ, ಹಸಿವು, ಹಾರ್ಮೋನು ಇಂಥವನ್ನ ನೋಡ್ಕೊಳ್ಳೋ ಹೈಪೋಥಲಾಮಸ್‌ನಲ್ಲಿ ಇದೆ, ಅಂದ್ರೆ ಬೆಳೆದ ಮೇಲೂ ಸಂಪರ್ಕಗಳು ಬದಲಾಗ್ತಾನೇ ಇರೋ ಜಾಗಗಳಲ್ಲಿ. ಈ ಸರಪಳಿಯನ್ನ ಮಾತ್ರ ಕತ್ತರಿಸೋ ಒಂದು ಎಂಜೈಮ್ ಇದೆ, ಎಂಡೋ-ಎನ್ ಅಂತ, ಬ್ಯಾಕ್ಟೀರಿಯಾಗಳ ಮೇಲೆ ದಾಳಿ ಮಾಡೋ ವೈರಸ್ಸಿಂದ ಸಿಕ್ಕಿದ್ದು. 1996ರಲ್ಲಿ ಅದನ್ನ ಹಿಪೊಕ್ಯಾಂಪಸ್‌ನ ಚೂರಿಗೆ ಹಾಕಿ ನೋಡಿದಾಗ, ನೆನಪಿಗೆ ಅಡಿಪಾಯ ಅಂತ ನಾವು ನಂಬಿರೋ ಎಲ್‌ಟಿಪಿ, ಅಂದ್ರೆ ನರಸಂಪರ್ಕ ಗಟ್ಟಿಯಾಗೋ ಕ್ರಿಯೆ, ಸರಿಯಾಗಿ ನಡೀಲಿಲ್ಲ.

ವೈರಸ್ಸಿಗೆ ಇಂಥ ಕತ್ತರಿ ಯಾಕೆ ಬೇಕಾಯ್ತು ಅಂತ ನೀವು ಕೇಳೇ ಕೇಳ್ತೀರ. ಇ. ಕೋಲೈ ಕೆ1 ಮತ್ತೆ ಮೆನಿಂಜೈಟಿಸ್, ಅಂದ್ರೆ ಮೆದುಳಿನ ಪೊರೆಯ ಉರಿಯೂತ ತರೋ ಬಿ ಗುಂಪಿನ ಮೆನಿಂಗೋಕಾಕಸ್, ಈ ಎರಡು ಬ್ಯಾಕ್ಟೀರಿಯಾ ಮೈಮೇಲೆ ಹೊದ್ಕೊಂಡಿರೋದು ನಮ್ಮ ಮೆದುಳಲ್ಲಿರೋ ಅದೇ ಪಾಲಿಸಯಾಲಿಕ್ ಆಸಿಡ್. ಕೆ1 ಒಳಗೆ ನುಗ್ಗಬೇಕು ಅಂದ್ರೆ ವೈರಸ್ ಆ ಹೊದಿಕೆ ಹರೀಬೇಕು. ನಮ್ಮ ರೋಗನಿರೋಧಕ ವ್ಯವಸ್ಥೆಗೆ ಮಾತ್ರ ಇದು ನಮ್ಮದೇ ಅನ್ಸುತ್ತೆ, ಸುಮ್ನಾಗಿಬಿಡುತ್ತೆ. ಬೇರೆ ಮೆನಿಂಗೋಕಾಕಸ್ ಗುಂಪುಗಳಿಗೆ ಹೊದಿಕೆಯ ಸಕ್ಕರೆಯಿಂದ್ಲೇ ಲಸಿಕೆ ಮಾಡಿದ್ರು, ಬಿ ಗುಂಪಿಗೆ ಆ ದಾರಿ ಹಿಡಿಯೋಕಾಗ್ಲಿಲ್ಲ, ಅಕಸ್ಮಾತ್ ಆಂಟಿಬಾಡಿ ಹುಟ್ಟಿದ್ರೂ ಅದು ನಮ್ಮದೇ ನರಕೋಶಗಳ ಮೇಲೆ ತಿರುಗಿಬಿದ್ರೆ ಅನ್ನೋ ಭಯ. ಕೊನೆಗೆ ಸಕ್ಕರೆ ಬಿಟ್ಟು ಬ್ಯಾಕ್ಟೀರಿಯಾದ ಮೇಲ್ಮೈ ಪ್ರೋಟೀನುಗಳನ್ನ ಆರಿಸ್ಕೊಂಡು ಮಾಡಿದ ಲಸಿಕೆಗೆ ಯುರೋಪಲ್ಲಿ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ.