ಜಾತ್ರೆಯ ಜಂಪಿಂಗ್ ಬಲೂನಿಗೆ ಎಷ್ಟು ಎಚ್‌ಪಿ ಬ್ಲೋವರ್ ಬೇಕು?

ಪ್ರಶ್ನೆ: ನಾನು ಗುಬ್ಬಿ ಕಡೆಯವನು. ಶಾಮಿಯಾನ, ಲೈಟಿಂಗ್ ಬಾಡಿಗೆಗೆ ಕೊಡುತ್ತೇನೆ. ಈಗ ಮಕ್ಕಳು ಕುಣಿಯುವ ಜಂಪಿಂಗ್ ಬಲೂನ್ ಒಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿದೆ. ಹದಿನೈದಕ್ಕೆ ಹದಿನೈದು ಅಡಿ. ಬ್ಲೋವರ್ ಇಲ್ಲ. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಯಲ್ಲಿ ಹಾಕಬೇಕು ಅಂತ ಆಸೆ. ಒಬ್ಬರು 1 ಎಚ್‌ಪಿ ಸಾಕು ಅಂತಾರೆ, ಇನ್ನೊಬ್ಬರು 2 ಎಚ್‌ಪಿ ಬೇಕು ಅಂತಾರೆ. ಪಂಕ್ಚರ್ ಅಂಗಡಿಯ ಗೆಳೆಯ ತನ್ನ ಕಂಪ್ರೆಸರ್‌ನಲ್ಲೇ ತುಂಬಿಸಿಕೊಡುತ್ತೇನೆ ಅನ್ನುತ್ತಾನೆ. ಯಾವುದು ಸರಿ?

ಉತ್ತರ: ಮೊದಲು ಕಂಪ್ರೆಸರ್ ವಿಷಯ ಮುಗಿಸಿಬಿಡೋಣ. ಅದು ಬೇಡ.

ಕಾರಣ ನಿಮಗೆ ಸುಲಭವಾಗಿ ಗೊತ್ತಾಗುತ್ತದೆ. ಬೋರ್‌ವೆಲ್ ಪಂಪು ಸಾವಿರ ಅಡಿ ಆಳದಿಂದ ನೀರೆತ್ತುತ್ತದೆ, ಆದರೆ ಬರುವುದು ಒಂದೂವರೆ ಇಂಚು ನೀರು. ಕೆರೆ ದಂಡೆಯ ಮೋಟಾರು ಹತ್ತಿಪ್ಪತ್ತು ಅಡಿ ಮಾತ್ರ ಎತ್ತುತ್ತದೆ, ಆದರೆ ಕಾಲುವೆ ತುಂಬ ನೀರು ಹರಿಸುತ್ತದೆ. ಕಂಪ್ರೆಸರ್ ಬೋರ್‌ವೆಲ್ ಪಂಪಿನ ಹಾಗೆ, ಬ್ಲೋವರ್ ಕೆರೆ ಮೋಟಾರಿನ ಹಾಗೆ. 2 ಎಚ್‌ಪಿ ಕಂಪ್ರೆಸರ್ ನಿಮಿಷಕ್ಕೆ ಏಳೆಂಟು ಘನ ಅಡಿ ಗಾಳಿ ಕೊಟ್ಟರೆ ಹೆಚ್ಚು. ನಿಮ್ಮ ಬಲೂನಿನ ತಳ, ಗೋಡೆ, ಕಂಬ ಎಲ್ಲ ಸೇರಿ ಏಳುನೂರು ಘನ ಅಡಿಯಾದರೂ ಆಗುತ್ತದೆ. ಒಂದು ಚೂರೂ ಸೋರದಿದ್ದರೂ ತುಂಬಲು ಒಂದೂವರೆ ಗಂಟೆ ಬೇಕು. ಆದರೆ ಸೋರದೇ ಇರುವುದಿಲ್ಲ. ಜಂಪಿಂಗ್ ಬಲೂನನ್ನು ಅಂಟಿಸಿರುವುದಿಲ್ಲ, ಹೊಲಿದಿರುತ್ತಾರೆ. ಹೊಲಿಗೆಯ ಪ್ರತಿ ತೂತಿನಿಂದಲೂ ಗಾಳಿ ಹೋಗುತ್ತಲೇ ಇರುತ್ತದೆ. ಮಕ್ಕಳು ಕುಣಿದಾಗ ಹೆಚ್ಚಾದ ಒತ್ತಡ ಹೊರಗೆ ಹೋಗುವ ದಾರಿಯೂ ಅದೇ. ಅದಕ್ಕೇ ಬ್ಲೋವರ್ ನಿಲ್ಲದೆ ಊದುತ್ತಿರಬೇಕು. ಬೆಳಿಗ್ಗೆ ಆನ್ ಮಾಡಿದ್ದನ್ನು ರಾತ್ರಿ ಕೊನೆಯ ಮಗು ಇಳಿದ ಮೇಲೇ ಆಫ್ ಮಾಡುವುದು.

ಈಗ ಎಚ್‌ಪಿ. ನೀವು ಹೇಳಿದ ಅಳತೆಗೆ 1.5 ಎಚ್‌ಪಿ, ಅಂದರೆ ಸುಮಾರು 1.1 ಕಿಲೋವ್ಯಾಟ್ ಬ್ಲೋವರ್ ತೆಗೆದುಕೊಳ್ಳಿ. ಬಲೂನ್ ಹೊಸದಾಗಿದ್ದರೆ 1 ಎಚ್‌ಪಿಯಲ್ಲೂ ನಿಲ್ಲಬಹುದಿತ್ತು. ನಿಮ್ಮದು ಹಳೆಯದು, ಹೊಲಿಗೆ ಸಡಿಲವಾಗಿರುತ್ತದೆ. 2 ಎಚ್‌ಪಿ ಬೇಕಾಗುವುದು ದೊಡ್ಡ ಜಾರುಬಂಡೆಗಳಿಗೆ. ಇನ್ನೂ ದೊಡ್ಡದಾದರೆ ಒಂದರ ಬದಲು ಎರಡು ಬ್ಲೋವರ್ ಹಾಕುತ್ತಾರೆ.

ಅಂಗಡಿಯಲ್ಲಿ ಮಾತ್ರ ಒಂದು ವಿಷಯದಲ್ಲಿ ಮೋಸ ಹೋಗಬೇಡಿ. ಡಬ್ಬದ ಮೇಲೆ ದೊಡ್ಡದಾಗಿ ಸಿಎಫ್‌ಎಂ ಬರೆದಿರುತ್ತಾರೆ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅಂತ. ಅದು ಬಾಯಿ ತೆರೆದಿಟ್ಟು, ಎದುರಿಗೆ ಏನೂ ತಡೆ ಇಲ್ಲದಾಗ ಬರುವ ಗಾಳಿ. ಪೈಪ್ ನೆಲದ ಮೇಲಿಟ್ಟು ಪಂಪಿನ ಡಿಸ್ಚಾರ್ಜ್ ಅಳೆದ ಹಾಗೆ. ಓವರ್‌ಹೆಡ್ ಟ್ಯಾಂಕಿಗೆ ಏರಿಸಿದಾಗ ಎಷ್ಟು ಬರುತ್ತದೆ ಅನ್ನುವುದು ಬೇರೆ ಲೆಕ್ಕ, ಅಲ್ವಾ? ಹಾಗೆಯೇ 'ನೂರು ಮಿಲಿಮೀಟರ್ ನೀರಿನ ಒತ್ತಡದಲ್ಲಿ ಎಷ್ಟು ಗಾಳಿ ಕೊಡುತ್ತದೆ' ಎಂದು ಕೇಳಿ. ಇದು ಹೆಚ್ಚುಕಡಿಮೆ 1 ಕಿಲೋಪ್ಯಾಸ್ಕಲ್. ಮಕ್ಕಳು ಕುಣಿಯುವ ಬಲೂನಿನ ಒಳಗೆ ಕಡೇಪಕ್ಷ ಅಷ್ಟಾದರೂ ಇರಬೇಕು. ಕಾರಿನ ಟೈರಿನಲ್ಲಿರುವ ಗಾಳಿಗೆ ಹೋಲಿಸಿದರೆ ಇದು ಇನ್ನೂರರಲ್ಲಿ ಒಂದು ಪಾಲು. ಬಲೂನಿಗೆ ಬೇಕಾದ್ದು ಒತ್ತಡಕ್ಕಿಂತ ಗಾಳಿಯ ಪ್ರಮಾಣ ಅನ್ನುವುದು ಇದಕ್ಕೇ.

ಇದನ್ನು ನೀವೇ ಅಳೆಯಬಹುದು. ಗಾರೆ ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಪೈಪ್ ಎರಡು ಮೀಟರ್ ತನ್ನಿ. ಅದನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ ಅರ್ಧದಷ್ಟು ನೀರು ಹಾಕಿ. ಎರಡೂ ಕಡೆ ನೀರು ಸಮ ನಿಲ್ಲುತ್ತದೆ. ಬಲೂನ್ ಪೂರ್ತಿ ನಿಂತ ಮೇಲೆ, ಗಾಳಿ ಬಿಡುವ ಜಿಪ್ ಬೆರಳು ಹೋಗುವಷ್ಟು ತೆರೆದು ಪೈಪಿನ ಒಂದು ತುದಿ ಒಳಗೆ ತೂರಿಸಿ, ಸುತ್ತ ಬಟ್ಟೆ ಒತ್ತಿ ಹಿಡಿಯಿರಿ. ಒಂದು ಕಡೆ ನೀರು ಇಳಿದು ಇನ್ನೊಂದು ಕಡೆ ಏರುತ್ತದೆ. ಎರಡರ ನಡುವೆ ಹತ್ತು ಸೆಂಟಿಮೀಟರ್ ಅಥವಾ ಹೆಚ್ಚು ವ್ಯತ್ಯಾಸ ಬಂದರೆ ಬ್ಲೋವರ್ ಸಾಕು. ಆರೇಳು ಸೆಂಟಿಮೀಟರಿಗೇ ನಿಂತರೆ ಮೊದಲು ಹರಿದ ಹೊಲಿಗೆ, ಸರಿಯಾಗಿ ಮುಚ್ಚದ ಜಿಪ್, ಬ್ಲೋವರ್ ಕತ್ತಿನ ಬೆಲ್ಟ್ ನೋಡಿ. ಸೋರುವುದನ್ನು ಕಟ್ಟಿಸಿ ಮತ್ತೆ ಅಳೆಯಿರಿ. ಆಮೇಲೂ ಏರದಿದ್ದರೆ ದೊಡ್ಡ ಬ್ಲೋವರಿನ ಮಾತು. ಕೊಳ್ಳುವ ಮೊದಲು ಯಾರದ್ದಾದರೂ 1.5 ಎಚ್‌ಪಿ ಬ್ಲೋವರನ್ನು ಒಂದು ದಿನ ಬಾಡಿಗೆಗೆ ತಂದು ಹೀಗೆ ನೋಡಿಬಿಡಿ.

ಬ್ಲೋವರ್ ಎಷ್ಟೇ ಒಳ್ಳೆಯದಿರಲಿ, ಅದನ್ನು ಸುಡುವುದು ವೈರು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಮೋಟಾರ್ ರಿವೈಂಡಿಂಗ್ ನನ್ನ ಕಸುಬು. ನನ್ನ ಬೆಂಚಿಗೆ ಬರುವ ಬ್ಲೋವರ್‌ಗಳಲ್ಲಿ ಹೆಚ್ಚಿನವು ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಾ ಬರುತ್ತವೆ. 'ಎಷ್ಟು ದೂರದಿಂದ ವೈರ್ ಎಳೆದಿದ್ರಿ?' ಅಂತ ಕೇಳಿದರೆ ಉತ್ತರ ಅಲ್ಲೇ ಸಿಗುತ್ತದೆ. ಒಂದು ಸಲ ನಾನೇ ಪರಿಚಯದವರ ಮದುವೆಗೆ ಹೊಸ ಬ್ಲೋವರ್ ಕೊಟ್ಟು, ವೈರ್ ಯಾವುದು ಅಂತ ಕೇಳದೆ ಬಂದಿದ್ದೆ. ಸೀರಿಯಲ್ ಸೆಟ್‌ಗೆ ಬಳಸುವ ಸಣ್ಣ ವೈರಿನಲ್ಲಿ ಓಡಿಸಿದ್ದರು. ಸಂಜೆಯೊಳಗೆ ವೈಂಡಿಂಗ್ ಹೋಯಿತು.

ಲೆಕ್ಕ ನೋಡಿ. ಈ ಮೋಟಾರು ಓಡುವಾಗ ಸುಮಾರು 7 ಆಂಪಿಯರ್ ಎಳೆಯುತ್ತದೆ. ಸ್ಟಾರ್ಟ್ ಆಗುವಾಗ ಅದರ ಐದು ಪಟ್ಟು. ಐವತ್ತು ಮೀಟರ್ ದೂರಕ್ಕೆ ಒಂದು ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆದರೆ ಸ್ಟಾರ್ಟಿಂಗ್‌ನಲ್ಲಿ ವೈರಿನಲ್ಲೇ 60 ವೋಲ್ಟಿನಷ್ಟು ಇಳಿಯುತ್ತದೆ. 230 ಇರಬೇಕಾದ ಕಡೆ 170 ಆಯಿತು. ಮೋಟಾರಿನ ತಿರುಗುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ. ಹೂಂ ಅನ್ನುತ್ತಾ ನಿಧಾನವಾಗಿ ಏಳುತ್ತದೆ, ಅಷ್ಟು ಹೊತ್ತೂ ಬಿಸಿಯಾಗುತ್ತದೆ. ಅದೇ ದೂರಕ್ಕೆ ಎರಡೂವರೆ ಸ್ಕ್ವೇರ್ ಎಂಎಂ ವೈರ್ ಹಾಕಿದರೆ 25 ವೋಲ್ಟಿನ ಒಳಗೇ ಮುಗಿಯುತ್ತದೆ. ಸಂಜೆ ಎಲ್ಲರೂ ಲೈಟ್ ಹಾಕಿದ ಮೇಲೆ ಲೈನಿನ ವೋಲ್ಟೇಜೇ ಇಳಿದಿರುತ್ತದೆ, ಅದನ್ನೂ ನೆನಪಿಡಿ. ವೈರನ್ನು ಸುರುಳಿಯಿಂದ ಪೂರ್ತಿ ಬಿಚ್ಚಿ ಹಾಕಿ. ಸುತ್ತಿಟ್ಟ ವೈರ್ ಒಳಗೊಳಗೇ ಕಾಯುತ್ತದೆ.

ಜನರೇಟರ್ ಆದರೆ 1.5 ಎಚ್‌ಪಿಗೆ 3 ಕೆವಿಎಗಿಂತ ಕಡಿಮೆ ಬೇಡ. ಅದೇ ಜನರೇಟರಿಗೆ ಮೈಕ್ ಸೆಟ್, ಲೈಟ್ ಸೇರಿಸಬೇಡಿ. ಕಂಬದ ಲೈನಿಗೆ ಕೊಕ್ಕೆ ಹಾಕುವುದಂತೂ ಬೇಡವೇ ಬೇಡ. ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ತೆಗೆದುಕೊಳ್ಳಿ, ಅರ್ತಿಂಗ್ ಸರಿ ಮಾಡಿಸಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯುವ ಸ್ವಿಚ್, ಹಾಕಿಸಿ. ಬರಿಗಾಲಿನ ಮಕ್ಕಳು ಓಡಾಡುವ ಜಾಗ ಅದು.

ಮನೆಯಲ್ಲಿ ಟೆಸ್ಟ್ ಮಾಡುವಾಗ ಬ್ಲೋವರನ್ನು ಬಲೂನಿಗೆ ಕಟ್ಟದೆ ಸುಮ್ನೆ ಬಹಳ ಹೊತ್ತು ಓಡಿಸಬೇಡಿ. ತಡೆ ಇಲ್ಲದಿದ್ದರೆ ಗಾಳಿ ಜಾಸ್ತಿ ಹರಿಯುತ್ತದೆ, ಜಾಸ್ತಿ ಹರಿದಷ್ಟೂ ಈ ಥರದ ಮೋಟಾರಿಗೆ ಹೊರೆ ಜಾಸ್ತಿ. ನಮ್ಮ ಕೆಂಪು ಮಣ್ಣಿನ ಧೂಳೂ ಕಮ್ಮಿಯಲ್ಲ. ಬ್ಲೋವರನ್ನು ನೆಲದ ಮೇಲಿಡದೆ ಒಂದು ಹಲಗೆಯ ಮೇಲಿಡಿ. ಗಾಳಿ ಎಳೆಯುವ ಜಾಲರಿಯನ್ನು ದಿನಕ್ಕೊಮ್ಮೆ ಬ್ರಷ್‌ನಲ್ಲಿ ಒರೆಸಿ. ಮಕ್ಕಳ ಕೈ ಸಿಗದ ಹಾಗೆ ಬೇಲಿ ಕಟ್ಟಿ.

ಕರೆಂಟ್ ಹೋದರೆ ಗೋಡೆಗಳು ಒಂದೆರಡು ನಿಮಿಷದಲ್ಲಿ ಒಳಕ್ಕೆ ಬಾಗುತ್ತವೆ. ಹಾಗಾಗಿ ಬಲೂನಿನ ಬಾಗಿಲಲ್ಲಿ ಯಾವಾಗಲೂ ಒಬ್ಬ ದೊಡ್ಡವರು ನಿಂತಿರಬೇಕು. ಬ್ಲೋವರ್ ಸದ್ದು ನಿಂತ ತಕ್ಷಣ ಮಕ್ಕಳನ್ನು ಇಳಿಸಬೇಕು. ಗಾಳಿಯ ವಿಷಯದಲ್ಲಿ ಯುರೋಪಿನ ನಿಯಮ ಗಂಟೆಗೆ 38 ಕಿಲೋಮೀಟರ್ ಮೀರಿದರೆ ನಿಲ್ಲಿಸಿ ಅನ್ನುತ್ತದೆ. ಸಣ್ಣ ಮರಗಳು ಪೂರ್ತಿ ತೂಗಾಡುವಷ್ಟು ಗಾಳಿ ಅದು. ಅಲ್ಲಿಯವರೆಗೆ ಕಾಯಬೇಡಿ. ಶಿವರಾತ್ರಿ ಹೊತ್ತಿಗೆ ತೊಂದರೆ ಕಮ್ಮಿ, ಆದರೆ ಭರಣಿ ಮಳೆಯ ಸಮಯದ ಜಾತ್ರೆಗಳಲ್ಲಿ ಮಳೆಗೂ ಮೊದಲು ಬರುವ ಬಿರುಗಾಳಿ ಹೇಳಿ ಕೇಳಿ ಬರುವುದಿಲ್ಲ. ನಾಲ್ಕೂ ಸುತ್ತ ಕನಿಷ್ಠ ಆರು ಕಬ್ಬಿಣದ ಗೂಟ ಆಳಕ್ಕೆ ಹೊಡೆದು ಕಟ್ಟಿ. ಗೂಟದ ಕೆಲಸ ಕಲ್ಲುಚಪ್ಪಡಿ ಮಾಡುವುದಿಲ್ಲ.

ಪ್ರಶ್ನೆ: ಚಿಂತಾಮಣಿ ಹತ್ತಿರ ನಮ್ಮ ತೋಟ. ಬೇಸಿಗೆಗೆ ಮೊಮ್ಮಕ್ಕಳು ಬರುತ್ತಾರೆ. ಹತ್ತಡಿಯ ಪ್ಲಾಸ್ಟಿಕ್ ಈಜುಕೊಳ, ಒಂದು ಗಾಳಿ ದೋಣಿ ತಂದಿದ್ದೇನೆ. ಸೈಕಲ್ ಪಂಪಿನಲ್ಲಿ ಊದಿ ಸಾಕಾಯಿತು. ಯಾವ ಪಂಪ್ ತರಲಿ?

ಉತ್ತರ: ನಿಮ್ಮವು ಹೊಲಿಗೆಯವಲ್ಲ, ಬೆಸುಗೆ ಹಾಕಿದವು. ಒಮ್ಮೆ ತುಂಬಿ ಮುಚ್ಚಳ ಹಾಕಿದರೆ ಆಯಿತು. ಕೊಳಕ್ಕೆ ಕೈಯಲ್ಲಿ ಹಿಡಿಯುವ ಸಣ್ಣ ಕರೆಂಟ್ ಪಂಪ್ ಸಾಕು, ಗಾಳಿ ಎಳೆಯಲೂ ಬರುವಂಥದ್ದಾದರೆ ಮಡಚಿಡುವಾಗ ಸುಲಭ. ದೋಣಿಗೆ ಸ್ವಲ್ಪ ಹೆಚ್ಚು ಒತ್ತಡ ಬೇಕು. ಅದಕ್ಕೆ ಮೇಲೆತ್ತಿದಾಗಲೂ ಒತ್ತಿದಾಗಲೂ ಗಾಳಿ ಕೊಡುವ ಕೈಪಂಪು ಒಳ್ಳೆಯದು. ಎಷ್ಟು ತುಂಬಬೇಕು ಅನ್ನುವುದು ವಾಲ್ವ್ ಪಕ್ಕದಲ್ಲಿ ಬರೆದಿರುತ್ತದೆ.

ಬೆಳಿಗ್ಗೆ ತಂಪಿನಲ್ಲಿ ಬಿಗಿಯಾಗಿ ತುಂಬಿ ಮಧ್ಯಾಹ್ನ ಬಿಸಿಲಿಗೆ ಬಿಡಬೇಡಿ. ಒಳಗಿನ ಗಾಳಿ 25 ಡಿಗ್ರಿಯಿಂದ 55ಕ್ಕೆ ಕಾದರೆ ಒತ್ತಡ ಒಂದು ಪಿಎಸ್‌ಐಗಿಂತ (ಟೈರಿಗೆ ಗಾಳಿ ಹಾಕುವಾಗ ಹೇಳುವ ಅಳತೆ) ಹೆಚ್ಚು ಏರಬಹುದು. ಕೊಳದ ಅಂಚಿಗೆ ಅಷ್ಟು ತಡೆಯುವ ಶಕ್ತಿ ಇಲ್ಲ. ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ತಗ್ಗುವಂತಿರಲಿ.

ದೋಣಿಯನ್ನು ಕೃಷಿಹೊಂಡಕ್ಕೆ ಮಾತ್ರ ಇಳಿಸಬೇಡಿ. ಹಾಳೆ ಹೊದಿಸಿದ ಹೊಂಡದ ಅಂಚು ಜಾರುತ್ತದೆ, ಬಿದ್ದರೆ ಈಜು ಬಲ್ಲವರೂ ಹತ್ತಿ ಬರಲಾರರು. ದಯವಿಟ್ಟು ಮಕ್ಕಳನ್ನು ಆ ಕಡೆ ಬಿಡಲೇಬೇಡಿ.

ಪ್ರಶ್ನೆ: ಮುಳಬಾಗಿಲಿನಲ್ಲಿ ಅಂಗಡಿ ಉದ್ಘಾಟನೆಗಳಿಗೆ ಗಾಳಿ ಕಮಾನು ನಿಲ್ಲಿಸುತ್ತೇನೆ. ಹೊರದೇಶದ ಬ್ಲೋವರ್ ತರಿಸಿದೆ. ವೈರ್, ವೋಲ್ಟೇಜ್ ಎಲ್ಲ ಸರಿ ಇದೆ, ಆದರೂ ಕಮಾನು ತಲೆ ಬಗ್ಗಿಸುತ್ತದೆ. ಮೋಟಾರೂ ಬಿಸಿ. ಯಾಕೆ?

ಉತ್ತರ: ಮೋಟಾರಿನ ತಗಡಿನ ಪ್ಲೇಟ್ ಓದಿ. 60 ಹರ್ಟ್ಜ್ (ಕರೆಂಟಿನ ಆವರ್ತನ, ಅಂದರೆ ಸೆಕೆಂಡಿಗೆ ಎಷ್ಟು ಸುತ್ತು ಅಂತ) ಅಂತ ಇದ್ದರೆ ಕಾರಣ ಅದೇ. ನಮ್ಮ ಕರೆಂಟ್ 50 ಹರ್ಟ್ಜ್. ಫ್ಯಾನ್ ಆರರಲ್ಲಿ ಐದು ಪಾಲು ವೇಗದಲ್ಲಷ್ಟೇ ತಿರುಗುತ್ತದೆ. ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಶೇಕಡಾ 69 ಮಾತ್ರ ಉಳಿಯುತ್ತದೆ. 60 ಹರ್ಟ್ಜ್‌ನ ಮೋಟಾರನ್ನು 50ರಲ್ಲಿ ಓಡಿಸುವುದರಿಂದಲೇ ಅದು ಬಿಸಿಯಾಗುವುದೂ. ಜೊತೆಗೆ ನಮ್ಮೂರುಗಳು ಸಮುದ್ರ ಮಟ್ಟದಿಂದ 800 ಮೀಟರ್ ಮೇಲಿವೆ. ಇಲ್ಲಿ ಗಾಳಿ ಶೇಕಡಾ 8ರಷ್ಟು ತೆಳು, ಒತ್ತಡ ಅಷ್ಟು ಇನ್ನೂ ಕಮ್ಮಿ. ಸಾಧ್ಯವಾದರೆ ಬ್ಲೋವರ್ ವಾಪಸ್ ಕೊಟ್ಟು 230 ವೋಲ್ಟ್, 50 ಹರ್ಟ್ಜ್ ಎಂದು ಪ್ಲೇಟಿನ ಮೇಲೇ ಇರುವುದನ್ನು ತನ್ನಿ. ವಾಪಸ್ ತೆಗೆದುಕೊಳ್ಳದಿದ್ದರೆ ಫ್ಯಾನ್ ಮತ್ತು ಡಬ್ಬ ಇಟ್ಟುಕೊಂಡು, ಅದೇ ಶಾಫ್ಟ್ ಅಳತೆಯ 50 ಹರ್ಟ್ಜ್ ಮೋಟಾರ್ ಕೂರಿಸಬಹುದು. ಆಗ ಬಿಸಿ ನಿಲ್ಲುತ್ತದೆ, ವೇಗ ಮಾತ್ರ ಏರುವುದಿಲ್ಲ. ಅದನ್ನು ಸಣ್ಣ ಕಮಾನಿಗೆ ಬಳಸಿ, ದೊಡ್ಡದಕ್ಕೆ ಬೇರೆ ಕೊಳ್ಳಿ.