ಬೆಳಗಿನ ಬಿಗಿತ ಎಷ್ಟು ಹೊತ್ತು? ಕೀಲು, ಮೂಳೆ ನೋವಿನ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಂಚಿಕೆಗಾಗಿ ಬಂದ ಪತ್ರಗಳಲ್ಲಿ ಹೆಚ್ಚಿನವು ರಕ್ತಪರೀಕ್ಷೆಯ ವರದಿಯಿಂದಲೇ ಆರಂಭವಾಗಿವೆ. ನೋವು ಯಾವ ಕೀಲಿನಲ್ಲಿದೆ, ದಿನದ ಯಾವ ಹೊತ್ತಿನಲ್ಲಿ ಹೆಚ್ಚುತ್ತದೆ, ಓಡಾಡಿದರೆ ಕಡಿಮೆಯಾಗುತ್ತದೆಯೇ ಅಥವಾ ಕುಳಿತರೆ ಕಡಿಮೆಯಾಗುತ್ತದೆಯೇ ಎಂದು ಬರೆದವರು ಕೆಲವರು ಮಾತ್ರ. ದೀರ್ಘಕಾಲದ ಕೀಲುರೋಗಗಳು ಬಹುಪಾಲು ಗುರುತಿಗೆ ಸಿಗುವುದು ಆ ವಿವರಗಳಲ್ಲೇ ಆದ್ದರಿಂದ, ಅವುಗಳನ್ನು ಬರೆದು ಕಳುಹಿಸಿದವರ ಪ್ರಶ್ನೆಗಳನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನಗೆ 38 ವರ್ಷ. ನಾಲ್ಕು ತಿಂಗಳಿಂದ ಎರಡೂ ಕೈಗಳ ಬೆರಳ ಗೆಣ್ಣುಗಳು ಮತ್ತು ಮಣಿಕಟ್ಟು ಊದಿಕೊಂಡು ನೋಯುತ್ತಿವೆ. ಬೆಳಿಗ್ಗೆ ಮುಷ್ಟಿ ಕಟ್ಟಲು, ಒದ್ದೆ ಬಟ್ಟೆ ಹಿಂಡಲು ಆಗುವುದಿಲ್ಲ. ಒಂಬತ್ತು ಗಂಟೆ ದಾಟಿದ ಮೇಲೆ ಕೈ ಸಡಿಲವಾಗುತ್ತದೆ. ಆರ್‌ಎ ಫ್ಯಾಕ್ಟರ್ ರಕ್ತಪರೀಕ್ಷೆ ನೆಗೆಟಿವ್ ಬಂದಿರುವುದರಿಂದ ವಾತವಿಲ್ಲ ಎಂದಿದ್ದಾರೆ. ಪರಿಚಿತರು ಕೊಟ್ಟ ಪುಡಿಯಿಂದ ಮೂರೇ ದಿನಕ್ಕೆ ನೋವು ಇಳಿಯಿತು. ಅದನ್ನೇ ಮುಂದುವರಿಸಬಹುದೇ?
– ಓದುಗರು, ಹಾವೇರಿ

ಉತ್ತರ: ಪುಡಿಯ ವಿಚಾರವನ್ನು ಮೊದಲು ಹೇಳುತ್ತೇನೆ. ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಒಳಗೇನಿದೆ ಎಂಬ ವಿವರ ಯಾವುದೂ ಇಲ್ಲದ ಕಾಗದದ ಪೊಟ್ಟಣಗಳಲ್ಲಿ ಬರುವ, ಎರಡು ಮೂರು ದಿನಗಳಲ್ಲೇ ಬಾವು ಇಳಿಸುವ ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಮತ್ತೆ ಮತ್ತೆ ಪತ್ತೆಯಾಗಿದೆ. ತಿಂಗಳುಗಟ್ಟಲೆ ಸೇವಿಸಿದರೆ ಮುಖ ಊದಿಕೊಳ್ಳುತ್ತದೆ, ರಕ್ತದೊತ್ತಡ ಮತ್ತು ಸಕ್ಕರೆ ಏರುತ್ತವೆ, ಮೂಳೆ ಸವೆಯುತ್ತದೆ. ದೇಹ ತಾನೇ ತಯಾರಿಸಿಕೊಳ್ಳಬೇಕಾದ ಸ್ಟೀರಾಯ್ಡ್ ಹಾರ್ಮೋನಿನ ಉತ್ಪಾದನೆಯೂ ಕುಗ್ಗುತ್ತದೆ. ಆದ್ದರಿಂದ ನೀವು ಹಲವು ವಾರಗಳಿಂದ ಅದನ್ನು ತೆಗೆದುಕೊಳ್ಳುತ್ತಿದ್ದರೆ ಇದ್ದಕ್ಕಿದ್ದಂತೆ ನಿಲ್ಲಿಸಿಬಿಡಬೇಡಿ. ಅದು ತೀವ್ರ ಸುಸ್ತು, ವಾಂತಿ, ರಕ್ತದೊತ್ತಡದ ಕುಸಿತಕ್ಕೆ ದಾರಿಯಾಗಬಹುದು. ಉಳಿದ ಪೊಟ್ಟಣಗಳನ್ನು ತೆಗೆದುಕೊಂಡು ಈ ವಾರವೇ ವೈದ್ಯರನ್ನು ಕಾಣಿ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಸಲ ಸೇವಿಸಿದ್ದೀರಿ ಎಂಬುದನ್ನು ಸಂಕೋಚವಿಲ್ಲದೆ ಹೇಳಿ.

ಇನ್ನು ರೋಗದ ವಿಚಾರ. ಎರಡೂ ಕೈಗಳ ಸಣ್ಣ ಕೀಲುಗಳು ಸಮವಾಗಿ ಊದಿಕೊಂಡಿರುವುದು, ಬೆಳಗಿನ ಬಿಗಿತ ಒಂದು ಗಂಟೆಗೂ ಮೀರಿ ಉಳಿಯುವುದು, ಈ ತೊಂದರೆ ಆರು ವಾರಗಳನ್ನು ದಾಟಿರುವುದು – ಇವೆಲ್ಲ ಒಟ್ಟಿಗೆ ಕಂಡಾಗ, ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ಎರಗುವ ರುಮಟಾಯ್ಡ್ ಸಂಧಿವಾತವನ್ನು ಗಂಭೀರವಾಗಿ ಶಂಕಿಸಲೇಬೇಕು. ಸವೆತದಿಂದ ಬರುವ ನೋವಿನಲ್ಲಿ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಆರ್‌ಎ ಫ್ಯಾಕ್ಟರ್ ಈ ರೋಗವಿರುವ ನೂರು ಜನರಲ್ಲಿ ಸುಮಾರು 20ರಿಂದ 30 ಮಂದಿಯಲ್ಲಿ ನೆಗೆಟಿವ್ ಆಗಿಯೇ ಇರುತ್ತದೆ. ಅದೇ ಪರೀಕ್ಷೆ ಈ ರೋಗವೇ ಇಲ್ಲದ ಕೆಲವು ವೃದ್ಧರಲ್ಲಿ, ಹೆಪಟೈಟಿಸ್ ಸಿ ಇರುವವರಲ್ಲಿ ಪಾಸಿಟಿವ್ ಬರುವುದೂ ಉಂಟು. ಹೀಗಿರುವಾಗ ಒಂದೇ ವರದಿಯನ್ನು ನಂಬಿ ರೋಗವಿದೆ ಅಥವಾ ಇಲ್ಲ ಎನ್ನುವುದು ಸರಿಯಲ್ಲ. ಆಂಟಿ ಸಿಸಿಪಿ, ಇಎಸ್‌ಆರ್, ಸಿಆರ್‌ಪಿ ಎಂಬ ರಕ್ತಪರೀಕ್ಷೆಗಳು, ಕೈ ಮತ್ತು ಪಾದಗಳ ಎಕ್ಸ್-ರೇ, ಅಗತ್ಯವಿದ್ದರೆ ಕೀಲಿನ ಅಲ್ಟ್ರಾಸೌಂಡ್ ಮಾಡಿಸಬೇಕಾಗುತ್ತದೆ. ಚಿಕುನ್‌ಗುನ್ಯಾ ಬಂದುಹೋದ ಮೇಲೂ ತಿಂಗಳುಗಟ್ಟಲೆ ಇದೇ ಬಗೆಯ ಕೀಲುನೋವು ಉಳಿಯಬಹುದಾದ್ದರಿಂದ, ಇದಕ್ಕೆ ಮೊದಲು ಜ್ವರ ಬಂದಿತ್ತೇ ಎಂಬುದನ್ನೂ ವೈದ್ಯರಿಗೆ ತಿಳಿಸಿ.

ರುಮಟಾಯ್ಡ್ ಎಂದು ಖಚಿತವಾದರೆ ಚಿಕಿತ್ಸೆಯನ್ನು ತಡಮಾಡಬಾರದು, ಏಕೆಂದರೆ ಕೀಲಿನ ಮೂಳೆಗೆ ಮರಳಿ ಸರಿಪಡಿಸಲಾಗದ ಹಾನಿ ಮೊದಲ ಕೆಲವು ತಿಂಗಳು, ಒಂದೆರಡು ವರ್ಷಗಳಲ್ಲೇ ಆರಂಭವಾಗಬಹುದು. ಸಾಮಾನ್ಯವಾಗಿ ಮೊದಲು ಕೊಡುವ ಔಷಧ ಮೆಥೊಟ್ರೆಕ್ಸೇಟ್. ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಈ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು ಎಂದೇ ನನ್ನ ಭಾವನೆ, ಏಕೆಂದರೆ ಇತರ ಮಾತ್ರೆಗಳ ಜೊತೆಗೆ ದಿನವೂ ನುಂಗಿ, ಬಾಯಿಯೆಲ್ಲ ಹುಣ್ಣಾಗಿ, ರಕ್ತಕಣಗಳು ಕುಸಿದು ಪ್ರಾಣಾಪಾಯಕ್ಕೆ ಸಿಲುಕುವವರಿದ್ದಾರೆ. ವಾರದ ಒಂದು ದಿನವನ್ನು ನಿಗದಿ ಮಾಡಿಕೊಂಡು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ. ಆ ಮಾತ್ರೆಯ ಸ್ಟ್ರಿಪ್ಪನ್ನು ದಿನನಿತ್ಯದ ಮಾತ್ರೆಗಳಿಂದ ಬೇರೆಯಾಗಿಡಿ. ಫೋಲಿಕ್ ಆಸಿಡ್ ಮಾತ್ರೆಯನ್ನು ಬೇರೊಂದು ದಿನ ಕೊಡುತ್ತಾರೆ. ಔಷಧದ ಪರಿಣಾಮ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಅಲ್ಲಿಯವರೆಗೆ ಕಡಿಮೆ ಪ್ರಮಾಣದ ಸ್ಟೀರಾಯ್ಡನ್ನು ವೈದ್ಯರೇ ಕೊಟ್ಟು ಕ್ರಮವಾಗಿ ಇಳಿಸುತ್ತಾರೆ. ರಕ್ತಕಣಗಳು ಮತ್ತು ಯಕೃತ್ತಿನ ಪರೀಕ್ಷೆಯನ್ನು ನಿಗದಿತವಾಗಿ ಮಾಡಿಸುತ್ತಿರಬೇಕು. ಗರ್ಭಿಣಿಯರಿಗೆ ಈ ಔಷಧ ನಿಷಿದ್ಧ. ಮಗುವಿನ ಯೋಚನೆ ಇದ್ದರೆ ಮೊದಲೇ ಹೇಳಿ, ಬೇರೆ ಔಷಧಗಳಿವೆ. ನೋವು ಹೋಯಿತೆಂದು ನೀವಾಗಿಯೇ ಔಷಧ ಬಿಟ್ಟರೆ ರೋಗ ಮರಳುವ ಸಂಭವವೇ ಹೆಚ್ಚು.

ಪ್ರಶ್ನೆ: ನನ್ನ ಮಗನಿಗೆ 26 ವರ್ಷ, ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಎರಡು ವರ್ಷದಿಂದ ಸೊಂಟ ನೋವು. ಬೆಳಗಿನ ಜಾವ ಮೂರು ಗಂಟೆಗೆ ನೋವಿನಿಂದ ಎಚ್ಚರವಾಗಿ ಮನೆಯೊಳಗೇ ಓಡಾಡುತ್ತಾನೆ, ಆಗ ಸ್ವಲ್ಪ ಸಮಾಧಾನ. ಎಕ್ಸ್-ರೇ ಸರಿಯಾಗಿದೆ. ಬೆಡ್ ರೆಸ್ಟ್ ಹೇಳಿದ್ದಾರೆ. ಕಳೆದ ವರ್ಷ ಒಂದು ಕಣ್ಣು ಕೆಂಪಾಗಿ ನೋವು ಬಂದಿತ್ತು. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?
– ಓದುಗರು, ಬೆಂಗಳೂರು

ಉತ್ತರ: ಸಂಬಂಧ ಇರುವ ಸಾಧ್ಯತೆ ಬಹಳ ಇದೆ, ಕಣ್ಣಿನ ಸಂಗತಿಯನ್ನು ನೆನಪಿಟ್ಟು ಬರೆದದ್ದು ಒಳ್ಳೆಯದಾಯಿತು. ಕುರ್ಚಿಯ ಕೆಲಸದಿಂದ ಬರುವ ಸೊಂಟನೋವು ಮಲಗಿದರೆ ತಗ್ಗುತ್ತದೆ. ವಿಶ್ರಾಂತಿಯಲ್ಲಿ ಹೆಚ್ಚಿ, ಓಡಾಡಿದರೆ ಕಡಿಮೆಯಾಗುವ, ರಾತ್ರಿಯ ಎರಡನೇ ಭಾಗದಲ್ಲಿ ನಿದ್ದೆಗೆಡಿಸುವ, ನಲವತ್ತು ವರ್ಷದೊಳಗೆ ಶುರುವಾಗಿ ಮೂರು ತಿಂಗಳು ಮೀರಿದ ಬೆನ್ನುನೋವು ಉರಿಯೂತದ ನೋವು. ಬೆನ್ನೆಲುಬಿನ ಕೀಲುಗಳು ಉರಿಯೂತದಿಂದ ಕ್ರಮೇಣ ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ರೋಗದ ಲಕ್ಷಣ ಇದೇ. ಈ ರೋಗವಿರುವ ಕೆಲವರಿಗೆ ಕಣ್ಣಿನ ಒಳಪೊರೆಯ ಉರಿಯೂತವೂ ಬರುತ್ತದೆ. ಮತ್ತೆ ಕಣ್ಣು ಕೆಂಪಾದರೆ ಅಂಗಡಿಯಿಂದ ಡ್ರಾಪ್ಸ್ ತಂದು ಹಾಕಬೇಡಿ, ಆ ದಿನವೇ ಕಣ್ಣಿನ ವೈದ್ಯರಲ್ಲಿಗೆ ಹೋಗಲಿ.

ಬೆನ್ನೆಲುಬಿನ ಬುಡದಲ್ಲಿರುವ ಸ್ಯಾಕ್ರೋಇಲಿಯಾಕ್ ಕೀಲುಗಳಲ್ಲಿ ಎಕ್ಸ್-ರೇಗೆ ಕಾಣುವಂಥ ಬದಲಾವಣೆ ಆಗಲು ವರ್ಷಗಳೇ ಹಿಡಿಯುತ್ತವೆ. ಆದ್ದರಿಂದ ಆ ಕೀಲುಗಳದೇ ಎಂಆರ್‌ಐ ಮಾಡಿಸಬೇಕು. ಸೊಂಟದ ಬೆನ್ನೆಲುಬಿನ ಮಾಮೂಲಿ ಎಂಆರ್‌ಐನಲ್ಲಿ ಇದು ತಪ್ಪಿಹೋಗಬಹುದು. ಎಚ್‌ಎಲ್‌ಎ ಬಿ27 ರಕ್ತಪರೀಕ್ಷೆ ಸಹಾಯಕ, ಆದರೆ ಅದು ಪಾಸಿಟಿವ್ ಇರುವ ಬಹುತೇಕರಿಗೆ ಜೀವನವಿಡೀ ಈ ರೋಗ ಬರುವುದೇ ಇಲ್ಲ. ಬೆಡ್ ರೆಸ್ಟ್ ಈ ರೋಗಕ್ಕೆ ತದ್ವಿರುದ್ಧವಾದ ಸಲಹೆ. ದಿನವೂ ಬೆನ್ನು ನೀಳಗೊಳಿಸುವ ವ್ಯಾಯಾಮ, ದೀರ್ಘ ಉಸಿರಾಟದ ಅಭ್ಯಾಸ, ಸಾಧ್ಯವಿದ್ದರೆ ಈಜು ಔಷಧದಷ್ಟೇ ಮುಖ್ಯ. ಸಿಗರೇಟು ಅಭ್ಯಾಸವಿದ್ದರೆ ಬಿಡಬೇಕು. ಉರಿಯೂತ ಇಳಿಸುವ ಮಾತ್ರೆಗಳನ್ನು ವೈದ್ಯರ ನಿಗಾದಲ್ಲಿ ತೆಗೆದುಕೊಂಡೂ ಹತೋಟಿಗೆ ಬಾರದಿದ್ದರೆ ಉರಿಯೂತಕ್ಕೆ ಕಾರಣವಾಗುವ ಪ್ರೊಟೀನನ್ನು ತಡೆಯುವ ಬಯಾಲಾಜಿಕ್ ಚುಚ್ಚುಮದ್ದುಗಳಿವೆ. ಅವುಗಳನ್ನು ಆರಂಭಿಸುವ ಮೊದಲು ಸುಪ್ತ ಕ್ಷಯವಿದೆಯೇ ಎಂದು ಕಡ್ಡಾಯವಾಗಿ ಪರೀಕ್ಷಿಸಬೇಕು. ತೂಕ ಇಳಿಯುವುದು, ಸಂಜೆ ಜ್ವರ ಬರುವುದು ಇದ್ದರೆ ಬೆನ್ನೆಲುಬಿನ ಕ್ಷಯವನ್ನೇ ಮೊದಲು ಶಂಕಿಸಬೇಕಾಗುತ್ತದೆ.

ಪ್ರಶ್ನೆ: ನಮ್ಮದು ಪಾವಗಡ ತಾಲ್ಲೂಕು. ತಂದೆಗೆ 55 ವರ್ಷ. ಕುತ್ತಿಗೆ, ಬೆನ್ನು ಬಿಗಿದುಕೊಂಡು ಬಗ್ಗಲು ಆಗುತ್ತಿಲ್ಲ. ಊರಿನಲ್ಲಿ ಅವರ ವಯಸ್ಸಿನ ಹಲವರು ಹೀಗೆಯೇ ಇದ್ದಾರೆ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ಕೊಳವೆಬಾವಿ ನೀರನ್ನು ಕುದಿಸಿಯೇ ಕುಡಿಯುತ್ತೇವೆ. ಇದು ಸಂಧಿವಾತವೇ?
– ಓದುಗರು, ತುಮಕೂರು ಜಿಲ್ಲೆ

ಉತ್ತರ: ನೀವು ಬರೆದಿರುವ ಮೂರೂ ಸಂಗತಿಗಳು, ಅಂದರೆ ತಂದೆಯ ಬಿಗಿತ, ನೆರೆಯವರ ಅದೇ ತೊಂದರೆ ಮತ್ತು ಮಕ್ಕಳ ಹಲ್ಲಿನ ಬಣ್ಣ, ಫ್ಲೋರೋಸಿಸ್ ಕಡೆಗೇ ಬೊಟ್ಟು ಮಾಡುತ್ತವೆ. ನೀರಿನ ಫ್ಲೋರೈಡ್ ವರ್ಷಗಟ್ಟಲೆ ಮೂಳೆಯಲ್ಲಿ ಸೇರುತ್ತಾ ಹೋಗಿ, ಮೂಳೆ ದಟ್ಟವಾಗಿ, ಸ್ನಾಯುರಜ್ಜುಗಳೂ ಸುಣ್ಣಗಟ್ಟುತ್ತವೆ. ನಮ್ಮ ದೇಶದಲ್ಲಿ ಈ ಮೂಳೆರೋಗದ ಮೊದಲ ವೈದ್ಯಕೀಯ ವರದಿ 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಬಂದಿತು. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಕೊಳವೆಬಾವಿ ಆಳಕ್ಕಿಳಿದಂತೆ ಈ ತೊಂದರೆ ಜನರನ್ನು ಬಿಡದೆ ಕಾಡುತ್ತಿದೆ.

ಮನೆಯಲ್ಲೇ ಮೂರು ಪರೀಕ್ಷೆ ಮಾಡಿ ನೋಡಿ: ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟಲಾಗುತ್ತದೆಯೇ, ಗಲ್ಲವನ್ನು ಎದೆಗೆ ತಾಗಿಸಲಾಗುತ್ತದೆಯೇ, ಎರಡೂ ಕೈ ಎತ್ತಿ ತಲೆಯ ಹಿಂದೆ ಇಡಲಾಗುತ್ತದೆಯೇ. ಮೂರೂ ಕಷ್ಟವಾಗಿದ್ದರೆ ಮುಂಗೈ, ಬೆನ್ನು ಮತ್ತು ಕಟಿಯ ಎಕ್ಸ್-ರೇ ಮಾಡಿಸಿ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿರುವುದು ಈ ರೋಗದ ಸ್ಪಷ್ಟ ಗುರುತು. ಮೂತ್ರದ ಫ್ಲೋರೈಡ್ ಪ್ರಮಾಣವನ್ನೂ ಕುಡಿಯುವ ನೀರನ್ನೂ ಪರೀಕ್ಷಿಸಬೇಕು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ನೀರೇ ಇಲ್ಲದಿದ್ದಾಗ 1.5ರವರೆಗೆ ಸಹಿಸಬಹುದು.

ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಕುಡಿಯಲು ಮಾತ್ರವಲ್ಲದೆ ಅನ್ನ, ಸಾರು, ಮುದ್ದೆ ಮಾಡಲೂ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ಕುಡಿಯಲು ಕ್ಯಾನ್ ನೀರು ತಂದು ಅಡುಗೆಗೆ ಕೊಳವೆಬಾವಿ ನೀರನ್ನೇ ಬಳಸಿದರೆ ಪ್ರಯೋಜನ ಅರ್ಧಕ್ಕೆ ನಿಲ್ಲುತ್ತದೆ. ಘಟಕದ ಫಿಲ್ಟರ್ ಕಾಲಕಾಲಕ್ಕೆ ಬದಲಾಗುತ್ತಿದೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳುವ ಹಕ್ಕು ನಿಮಗಿದೆ, ದಯವಿಟ್ಟು ಕೇಳಿ. ಮಳೆನೀರು ಸಂಗ್ರಹ ಇನ್ನೂ ಉತ್ತಮ. ಕಪ್ಪು ಉಪ್ಪು ಬೇಡ, ಹಾಲಿಲ್ಲದ ಚಹಾ ಮಿತವಾಗಿರಲಿ. ರಾಗಿ, ಹಾಲು, ಮೊಸರು, ನುಗ್ಗೆಸೊಪ್ಪು, ನೆಲ್ಲಿಕಾಯಿ ಮಕ್ಕಳ ಊಟದಲ್ಲಿರಲಿ, ಏಕೆಂದರೆ ಕ್ಯಾಲ್ಸಿಯಂ ಕೊರತೆಯಿರುವ ಮಕ್ಕಳಲ್ಲಿ ಫ್ಲೋರೈಡಿನ ಹಾನಿ ಹೆಚ್ಚು. ತಂದೆಯ ಮೂಳೆಯಲ್ಲಿ ಈಗಾಗಲೇ ಆದ ಬದಲಾವಣೆಯನ್ನು ಪೂರ್ತಿ ಹಿಂದಿರುಗಿಸುವ ಔಷಧವಿಲ್ಲ. ನೀರು ಬದಲಾದರೆ ನೋವು ತಗ್ಗಬಹುದು, ಮಕ್ಕಳನ್ನಂತೂ ಖಂಡಿತ ಉಳಿಸಿಕೊಳ್ಳಬಹುದು. ತಂದೆಗೆ ಕಾಲು ಜೋಮು ಹಿಡಿಯುವುದು, ಸೆಡೆತುಕೊಳ್ಳುವುದು, ಮೂತ್ರ ಹಿಡಿದುಕೊಳ್ಳಲಾಗದಿರುವುದು ಆರಂಭವಾದರೆ ಬೆನ್ನುಹುರಿ ಒತ್ತಿಕೊಂಡಿರಬಹುದು. ಒಂದು ದಿನವೂ ಕಾಯದೆ ನರರೋಗ ವಿಭಾಗವಿರುವ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ತಾಯಿಗೆ 64 ವರ್ಷ. ಮೆಟ್ಟಿಲು ಇಳಿಯುವಾಗ, ಕೆಳಗೆ ಕೂತು ಏಳುವಾಗ ಮಂಡಿ ನೋವು. ಆಪರೇಷನ್ ಬೇಕೇ ಬೇಕೇ?
– ಓದುಗರು, ಧಾರವಾಡ

ಉತ್ತರ: ಈಗಲೇ ಬೇಕೆಂದು ಹೇಳಲಾಗದು. ನಿಂತುಕೊಂಡು ತೆಗೆದ ಎಕ್ಸ್-ರೇಯಲ್ಲಿ ಸವೆತ ಎಷ್ಟಿದೆ ಎನ್ನುವುದಕ್ಕಿಂತ, ಅವರು ಎಷ್ಟು ದೂರ ನಡೆಯಬಲ್ಲರು, ರಾತ್ರಿ ನಿದ್ದೆ ಬರುತ್ತದೆಯೇ ಎಂಬುದು ನಿರ್ಧಾರಕ್ಕೆ ಮುಖ್ಯ. ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವ ವ್ಯಾಯಾಮವನ್ನು ಫಿಸಿಯೊಥೆರಪಿಸ್ಟರಿಂದ ಕಲಿತು ಕನಿಷ್ಠ ಮೂರು ತಿಂಗಳು ಮಾಡಲಿ. ತೂಕ ಹೆಚ್ಚಿದ್ದರೆ ಇಳಿಸಲಿ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಊರುಗೋಲನ್ನು ನೋಯುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಇಷ್ಟೆಲ್ಲ ಮಾಡಿಯೂ ಮನೆಯೊಳಗಿನ ಓಡಾಟವೇ ಕಷ್ಟವಾದರೆ ಮಂಡಿ ಬದಲಾವಣೆಗೆ ಹೆದರಬೇಕಿಲ್ಲ.

ಪ್ರಶ್ನೆ: ನಮ್ಮ ತಂದೆಗೆ ಹಂದಿಗೋಡು ಕಾಯಿಲೆ ಇದೆ. ನನಗೆ 24 ವರ್ಷ, ಇತ್ತೀಚೆಗೆ ಸೊಂಟದ ಕೀಲಿನಲ್ಲಿ ನೋವು ಶುರುವಾಗಿದೆ. ಮದುವೆಯ ಮಾತು ನಡೆಯುತ್ತಿದೆ. ಏನು ಮಾಡಲಿ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಈ ಕಾಯಿಲೆ ಬೆಳಕಿಗೆ ಬಂದದ್ದು 1974–75ರ ಸುಮಾರಿಗೆ, ಸಾಗರದ ಬಳಿಯ ಹಂದಿಗೋಡಿನಲ್ಲಿ. ಗದ್ದೆಗೆ ಹೊಡೆದ ಕೀಟನಾಶಕ ಮತ್ತು ಗದ್ದೆಯ ಏಡಿ ತಿಂದದ್ದು ಕಾರಣವಿರಬಹುದೆಂದು ಮೊದಲು ಶಂಕಿಸಿದ್ದರು; ಕುಟುಂಬಗಳ ವಂಶಾವಳಿಯನ್ನು ಅಭ್ಯಾಸ ಮಾಡಿದ ಮೇಲೆ ಇದು ಕೀಲಿನ ಬಳಿಯ ಮೂಳೆ ಸರಿಯಾಗಿ ಬೆಳೆಯದ ಆನುವಂಶಿಕ ರೋಗವೆಂದು ತಿಳಿಯಿತು. ಇದು ಅಂಟುರೋಗವಲ್ಲ, ಯಾರ ತಪ್ಪೂ ಅಲ್ಲ. ತಂದೆ ಅಥವಾ ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು. ಬರದೇ ಇರುವ ಸಾಧ್ಯತೆಯೂ ಅಷ್ಟೇ.

ಆದ್ದರಿಂದ ಮೊದಲು ಕಟಿಯ ಎಕ್ಸ್-ರೇ ಮಾಡಿಸಿ. ಈ ವಯಸ್ಸಿನ ಸೊಂಟದ ಕೀಲಿನ ನೋವಿಗೆ ಬೇರೆ ಕಾರಣಗಳೂ ಇವೆ, ಉದಾಹರಣೆಗೆ ತೊಡೆಮೂಳೆಯ ತಲೆಗೆ ರಕ್ತಸಂಚಾರ ನಿಲ್ಲುವುದು. ಹಂದಿಗೋಡು ಕಾಯಿಲೆಯೇ ಆಗಿದ್ದರೆ ಅದನ್ನು ಗುಣಪಡಿಸುವ ಮಾತ್ರೆ ಇಲ್ಲ. ಸ್ನಾಯುಗಳ ವ್ಯಾಯಾಮ, ತೂಕದ ಹತೋಟಿ, ಭಾರ ಹೊರುವ ಕೆಲಸದಿಂದ ದೂರವಿರುವುದು, ಕೀಲು ತೀರಾ ಹಾಳಾದಾಗ ಬದಲಾವಣೆಯ ಶಸ್ತ್ರಚಿಕಿತ್ಸೆ ಇವು ಇರುವ ದಾರಿಗಳು. ಮದುವೆಯ ಬಗ್ಗೆ ನಿರ್ಧರಿಸಬೇಕಾದವರು ನೀವು ಮತ್ತು ನಿಮ್ಮ ಸಂಗಾತಿ. ಎಕ್ಸ್-ರೇ ಫಲಿತಾಂಶ ಬಂದ ಮೇಲೆ ಇಬ್ಬರೂ ಒಟ್ಟಿಗೆ ಜೆನೆಟಿಕ್ ಕೌನ್ಸೆಲಿಂಗ್ ಪಡೆಯಿರಿ. ಇದರಲ್ಲಿ ಮುಚ್ಚಿಡಬೇಕಾದ್ದು ಏನೂ ಇಲ್ಲ. ಅಂಗವೈಕಲ್ಯ ಪ್ರಮಾಣಪತ್ರ ತಂದೆಯವರಿಗೆ ಇನ್ನೂ ಆಗಿಲ್ಲದಿದ್ದರೆ ಅದಕ್ಕೂ ಅರ್ಜಿ ಹಾಕಿಸಿ.

ಪ್ರಶ್ನೆ: ನನಗೆ 58. ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿಯಿತು. ಎರಡು ವರ್ಷದಿಂದ ವಾರಕ್ಕೊಂದರಂತೆ 60,000 ಯೂನಿಟ್‌ನ ವಿಟಮಿನ್ ಡಿ ತಪ್ಪದೆ ತೆಗೆದುಕೊಳ್ಳುತ್ತಿದ್ದೆ. ಆದರೂ ಮೂಳೆ ಏಕೆ ಮುರಿಯಿತು?
– ಓದುಗರು, ಮೈಸೂರು

ಉತ್ತರ: ಮುಟ್ಟು ನಿಂತ ಮೇಲೆ ಮೂಳೆ ಸವೆಯುವ ವೇಗ ಹೆಚ್ಚುತ್ತದೆ, ವಿಟಮಿನ್ ಡಿ ಒಂದೇ ಅದನ್ನು ತಡೆಯಲಾರದು. ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ರೋಗ, ಇದೆಯೇ ಎಂದು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ನೋಡಲೇಬೇಕು. ಅದರಲ್ಲಿ ಬರುವ ಟಿ ಸ್ಕೋರ್ ಮೈನಸ್ 2.5 ಅಥವಾ ಅದಕ್ಕೂ ಕಡಿಮೆ ಇದ್ದರೆ ರೋಗವಿದೆ ಎಂದರ್ಥ. ನೀವು ಹೇಳಿದ ವಿಟಮಿನ್ ಡಿಯನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟು ವಾರ ಕೊಟ್ಟು, ನಂತರ ತಿಂಗಳಿಗೊಮ್ಮೆಗೆ ಇಳಿಸುತ್ತಾರೆ. ಎರಡು ವರ್ಷ ವಾರವಾರ ತೆಗೆದುಕೊಂಡಿರುವುದರಿಂದ, ಮುಂದಿನ ಡೋಸ್ ತಡೆದು, ರಕ್ತದ ಕ್ಯಾಲ್ಸಿಯಂ, ವಿಟಮಿನ್ ಡಿ ಮಟ್ಟ ಮತ್ತು ಕ್ರಿಯಾಟಿನಿನ್ ಪರೀಕ್ಷಿಸಿಕೊಳ್ಳಿ. ವಿಪರೀತ ಬಾಯಾರಿಕೆ, ಮಲಬದ್ಧತೆ, ವಾಕರಿಕೆ ಇದ್ದರೆ ಕ್ಯಾಲ್ಸಿಯಂ ಏರಿರಬಹುದು.

ಆಸ್ಟಿಯೊಪೊರೋಸಿಸ್‌ಗೆ ಅಲೆಂಡ್ರೊನೇಟ್ ಬರೆದುಕೊಟ್ಟರೆ, ಅದನ್ನು ವಾರಕ್ಕೊಮ್ಮೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನೊಂದಿಗೆ ನುಂಗಿ. ಆಮೇಲೆ ಅರ್ಧ ಗಂಟೆ ಮಲಗಬಾರದು, ಕಾಫಿಯನ್ನೂ ಕುಡಿಯಬಾರದು. ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ಹುಣ್ಣು ಮಾಡಬಹುದು, ಕಾಫಿ ಕುಡಿದರೆ ಔಷಧ ರಕ್ತಕ್ಕೆ ಸೇರುವುದು ಬಹಳ ಕಡಿಮೆಯಾಗುತ್ತದೆ. ಹಲ್ಲು ಕೀಳಿಸುವುದಿದ್ದರೆ ಔಷಧ ಆರಂಭಿಸುವ ಮೊದಲೇ ಮುಗಿಸಿಕೊಳ್ಳಿ. ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿ, ನೆಲಕ್ಕೆ ಜಾರದ ಮ್ಯಾಟ್ ಹಾಸಿ. ಮಣಿಕಟ್ಟು ಮುರಿದವರಲ್ಲಿ ಮುಂದೆ ಸೊಂಟದ ಮೂಳೆ ಮುರಿಯುವ ಅಪಾಯ ಹೆಚ್ಚಿರುವುದರಿಂದ, ಡೆಕ್ಸಾ ಪರೀಕ್ಷೆಯನ್ನು ಪ್ಲಾಸ್ಟರ್ ತೆಗೆಸುವ ದಿನವೇ ಕೇಳಿ ಮಾಡಿಸಿಕೊಳ್ಳಿ.